ಬೀರುವಿನ ಹಿಂದಿನ ಗೋಡೆ

ಅವಳಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಸುಳ್ಳು. ಮೂಗಿನ ತುದಿಯಲ್ಲಿ ಕೂರುವಷ್ಟು ಪುರುಸೊತ್ತು ಆ ಕೋಪಕ್ಕೆ ಎಲ್ಲಿತ್ತು? ಅಷ್ಟರಲ್ಲಿ ಅದು ಬಾಯಿಂದ ಹೊರಟುಹೋಗಿರುತ್ತಿತ್ತು. ಚಿಕ್ಕಂದಿನಲ್ಲಿ ಅಮ್ಮ ಇಟ್ಟ ಅಡ್ಡಹೆಸರು ಮೆಣಸು. ಅಮ್ಮ ಹೋಗಿ ಎರಡು ವರ್ಷವಾಗಿತ್ತು, ಬೀದಿ ಮಾತ್ರ ಆ ಹೆಸರನ್ನು ಬಿಟ್ಟಿರಲಿಲ್ಲ.

ಪೇಂಟರ್ ಮೊದಲ ಸಲ ಬಂದ ದಿನವೇ ಜಗಳ.

“ಒಂದೇ ಗೋಡೆನಾ?” ಬಾಗಿಲಲ್ಲೇ ನಿಂತು ಕೇಳಿದ. “ಒಂದು ಗೋಡೆಗೆ ಯಾರಾದ್ರೂ ಪೇಂಟರ್‌ನ ಕರೀತಾರಾ?”

“ನಾನು ಕರೀತೀನಿ. ಪ್ರತಿ ವಾರ ಒಂದು ಮೂಲೆ ಖಾಲಿ ಮಾಡ್ತೀನಿ. ಖಾಲಿಯಾದ ಗೋಡೆಗೆ ಶನಿವಾರ ನೀವು ಬಣ್ಣ ಹೊಡೀಬೇಕು. ಆಗಲ್ಲ ಅಂದ್ರೆ ಈಗಲೇ ಹೇಳಿ, ಬಾಗಿಲು ಹಾಕ್ಕೋತೀನಿ.”

ಅವನು ಒಳಗೆ ಇಣುಕಿ ನೋಡಿದ. ಒಂದು ಕೋಣೆ, ಒಂದು ಅಡುಗೆಮನೆ. ಎರಡು ಹೊಲಿಗೆ ಮಿಷಿನ್. ಮುಚ್ಚಳವಿಲ್ಲದ ಡಬ್ಬಗಳು, ಡಬ್ಬವಿಲ್ಲದ ಮುಚ್ಚಳಗಳು, ಬಟ್ಟೆ ಕಿತ್ತುಹೋದ ಮೂರು ಕೊಡೆ, ಸೂರಿನವರೆಗೆ ತುಂಡುಬಟ್ಟೆಯ ಮೂಟೆ. ಗೋಡೆ ಎಲ್ಲಿದೆ ಎಂದು ಹುಡುಕುವಂತಿತ್ತು. ಆಮೇಲೆ ಅವನು ಅವಳನ್ನು ನೋಡಿದ. ಕತ್ತಿನಲ್ಲಿ ಅಳತೆ ಟೇಪ್, ತುಟಿಯ ನಡುವೆ ಗುಂಡುಸೂಜಿ, ಕಣ್ಣಲ್ಲಿ ಬೆಂಕಿ. ನೋಡಬೇಕಾದ್ದಕ್ಕಿಂತ ಒಂದು ಚೂರು ಹೆಚ್ಚೇ ಹೊತ್ತು ನೋಡಿದ.

“ಆಗುತ್ತೆ,” ಎಂದ.

ಖಾಲಿ ಮಾಡಲು ಅವಳದೇ ಒಂದು ಪದ್ಧತಿ ಇತ್ತು. ಹೋಗಬೇಕಾದ ಪ್ರತಿ ಸಾಮಾನಿಗೂ ಒಂದು ಕೆಂಪು ಚಿಂದಿ ಕಟ್ಟುತ್ತಿದ್ದಳು. ಚಿಂದಿ ಇದ್ದರೆ ಹೊರಗೆ, ಇಲ್ಲದಿದ್ದರೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಮೊದಲ ವಾರ ಕಿಟಕಿಯ ಗೋಡೆ ಹೊರಬಿತ್ತು. ತಿಳಿಹಳದಿಯೋ ಬೂದಿ ಬಣ್ಣವೋ ಎಂದು ಒಂದು ಗಂಟೆ ಕಿತ್ತಾಡಿದರು. ಬೂದಿ ಬಣ್ಣ ಎಂದು ಹಟ ಹಿಡಿದವಳು ಅವಳು, ಕೊನೆಗೆ ಗೋಡೆಗೆ ಹತ್ತಿದ್ದು ತಿಳಿಹಳದಿ. ಮಧ್ಯಾಹ್ನದ ಬಿಸಿಲು ಅದರ ಮೇಲೆ ಬಿದ್ದಾಗ ಅವಳಿಗೆ ಖುಷಿಯಾಯಿತು, ಖುಷಿಯಾಯಿತಲ್ಲ ಎಂದು ಸಿಟ್ಟೂ ಬಂತು. ಆ ವಾರವೇ ಅಲ್ಲಿಗೊಂದು ಪರದೆ ಹೊಲಿದಳು. ಎರಡನೇ ವಾರ ಅಡುಗೆಮನೆ. ಅಲ್ಲಿ ಸೌಟು ತೂಗುಹಾಕಲು ಅವನೇ ಒಂದು ಸರಳು ಬಡಿದುಕೊಟ್ಟ.

“ಸೊಟ್ಟಗಿದೆ,” ಎಂದಳು.

“ನಿಮ್ಮ ತಲೆ ಸೊಟ್ಟಗಿದೆ. ನೆಟ್ಟಗೆ ನಿಂತು ನೋಡಿ.”

ನೆಟ್ಟಗೆ ನಿಂತು ನೋಡಿದಳು. ಸರಳು ನೆಟ್ಟಗಿತ್ತು. ಮೈಯೆಲ್ಲ ಉರಿದುಹೋಯಿತು.

ಮೂರನೇ ಶನಿವಾರ ಅವನು ಊಟದ ಡಬ್ಬಿಯನ್ನು ಅವಳ ಕತ್ತರಿಸುವ ಮೇಜಿನ ಮೇಲೆ, ಯಾರದೋ ರೇಷ್ಮೆ ಅಂಗಿಯ ಪಕ್ಕದಲ್ಲೇ ಇಟ್ಟ. ಅವಳು ಡಬ್ಬಿಗೆ ಕೆಂಪು ಚಿಂದಿ ಕಟ್ಟಿ ಹೊಸ್ತಿಲಾಚೆ ಇಟ್ಟುಬಂದಳು. ಸ್ವಲ್ಪ ಹೊತ್ತಿಗೆ ಅವನು ಒಳಗೆ ಬಂದಾಗ ಆ ಚಿಂದಿ ಅವನ ಮಣಿಕಟ್ಟಿನಲ್ಲಿತ್ತು.

“ಹಾಗಾದ್ರೆ ನಾನೂ ಹೋಗ್ಬೇಕಾ?”

“ಗೋಡೆ ಮುಗಿಸಿ ಹೋಗಿ.” ಅವಳು ಬಗ್ಗಿಸಿದ ತಲೆ ಎತ್ತಲಿಲ್ಲ. ಹೊಲಿಗೆ ಮಾತ್ರ ಒಂದಿಂಚು ಅಡ್ಡ ಓಡಿತು. ಹತ್ತು ವರ್ಷದಿಂದ ಅವಳ ಹೊಲಿಗೆ ಅಡ್ಡ ಓಡಿದ್ದಿಲ್ಲ. ಎಲ್ಲ ಇವನಿಂದ, ಎಂದು ಹಲ್ಲು ಕಡಿದು ಬಿಚ್ಚಿದಳು.

ನಾಲ್ಕನೇ ಶನಿವಾರ ಬೀರುವಿನ ಹಿಂದಿನ ಗೋಡೆ.

ಆ ಗೋಡೆಯ ವಿಷಯ ಹೇಳಲೇಬೇಕು. ಅವಳ ಅಮ್ಮನೂ ಹೊಲಿಗೆಯವಳೇ. ಪುಸ್ತಕ ಕಳೆದುಹೋಗುತ್ತದೆ, ಗೋಡೆ ಎಲ್ಲಿಗೆ ಹೋಗುತ್ತದೆ ಎನ್ನುತ್ತಿದ್ದಳು. ಬಂದವರ ಅಳತೆಯನ್ನೆಲ್ಲ ಮಿಷಿನ್ ಹಿಂದಿನ ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಡುವುದು ಅವಳ ರೂಢಿ. ಮೂಲೆಮನೆ ಅಜ್ಜಿ, ಎದೆ ಇಷ್ಟು. ಅಂಚೆಯವರು, ತೋಳು ಇಷ್ಟು. ಅವರ ನಡುವೆ ವರ್ಷಕ್ಕೊಂದು ಸಾಲು ಮಗಳದು. ಹತ್ತೊಂಬತ್ತು ತುಂಬಿದ ವರ್ಷ ಯಾವುದೋ ಕ್ಷುಲ್ಲಕ ಮಾತಿಗೆ ಮಗಳು ಸಿಡಿದು, “ಇನ್ನು ನನ್ನ ಮೈಗೆ ಟೇಪ್ ಹಿಡೀಬೇಡ, ನನ್ನ ಬಟ್ಟೆ ನಾನೇ ಹೊಲ್ಕೋತೀನಿ,” ಎಂದುಬಿಟ್ಟಳು. ಅಮ್ಮನಿಗೂ ಕೋಪಕ್ಕೇನು ಕೊರತೆಯಿರಲಿಲ್ಲ. ಹಿಡಿಯಲಿಲ್ಲ. ಅಲ್ಲಿಂದ ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿ ಎರಡು ಮಿಷಿನ್, ದಾರ ಕೊಡು, ಕತ್ತರಿ ಎಲ್ಲಿ, ಅಷ್ಟೇ ಮಾತು. ಅಮ್ಮ ಹೋದ ಮೇಲೆ ಆ ಗೋಡೆ ನೋಡಲಾರದೆ ಬೀರು ದೂಡಿ ಮುಚ್ಚಿಟ್ಟಿದ್ದಳು. ಈ ಶನಿವಾರ ಬೀರು ಸರಿಸಿ, ಆ ಬರಹವನ್ನು ಹಾಗೇ ಬಿಟ್ಟು ಸುತ್ತ ಬಣ್ಣ ಹೊಡೆಸಬೇಕು ಎಂದು ಮನಸ್ಸು ಗಟ್ಟಿ ಮಾಡಿದ್ದಳು. ಅಮ್ಮನ ಕೈಬರಹ ಎಂದು ಅವಳ ಪಾಲಿಗೆ ಉಳಿದದ್ದು ಅದೊಂದೇ.

ಆದರೆ ಅದನ್ನು ಅವನಿಗೆ ಹೇಳಲಿಲ್ಲ. ಹೇಳಬೇಕೆಂದು ಅನಿಸಲೂ ಇಲ್ಲ. ಗೋಡೆಗೆ ಚಿಂದಿ ಕಟ್ಟಿಲ್ಲವಲ್ಲ! ಬೀರುವಿಗೆ ಒಂದು ಚಿಂದಿ ಕಟ್ಟಿ, “ಇದನ್ನ ಹೊರಗೆ ಹಾಕಿ ಶುರು ಮಾಡಿ,” ಎಂದು ಹೇಳಿ, ಹೊಲಿದ ಬಟ್ಟೆ ಕೊಟ್ಟುಬರಲು ಹೋದಳು.

ತಿರುಗಿ ಬಂದಾಗ ಗೋಡೆ ಕನ್ನಡಿಯ ಹಾಗೆ ನುಣುಪಾಗಿತ್ತು. ನೆಲದ ತುಂಬ ಬಿಳಿ ಪುಡಿ. ಮೊದಲ ಕೋಟ್ ಹೊಡೆದಾಗಿತ್ತು. ಕೆಳಗೆ, ನೆಲದ ಹತ್ತಿರ, ಅಂಗೈ ಎರಡರಷ್ಟು ಜಾಗಕ್ಕೆ ಹಳೇ ಪೇಪರ್ ಅಂಟಿಸಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

“ಇಲ್ಲಿ ಬರೆದಿದ್ದು ಎಲ್ಲಿ?” ಅವಳ ದನಿ ಏರಲಿಲ್ಲ. ಏರಿದ್ದರೇ ವಾಸಿಯಿತ್ತು.

“ಪೆನ್ಸಿಲ್ ಗುರುತು ಬಿಟ್ರೆ ಬಣ್ಣದ ಮೇಲೆ ಎದ್ದು ಬರುತ್ತೆ. ಅದಕ್ಕೆ ಉಜ್ಜಿದೆ. ಆದ್ರೆ ಕೆಳಗೆ...”

“ಚಿಂದಿ ಕಟ್ಟಿತ್ತಾ ಅದಕ್ಕೆ?”

“ಗೋಡೆಗೆ ಯಾರು ಚಿಂದಿ ಕಟ್ತಾರೆ?”

“ಕಟ್ಟಿರಲಿಲ್ಲ ಅಂದ್ಮೇಲೆ ಯಾಕೆ ಮುಟ್ಟಿದೆ? ನಮ್ಮಮ್ಮ ಬರೆದದ್ದು ಅದು. ಇಪ್ಪತ್ತು ವರ್ಷ ಕೂತು ಬರೆದದ್ದು. ಕಣ್ಣಿರಲಿಲ್ವಾ ನಿನಗೆ?”

ಬಹುವಚನ ಹಾರಿಹೋದದ್ದು ಇಬ್ಬರಿಗೂ ಕೇಳಿಸಿತು. ಅವನ ಮುಖ ಬಿಳಿಚಿಕೊಂಡಿತು. “ತಪ್ಪಾಯ್ತು. ಒಂದ್ನಿಮಿಷ ನನ್ನ ಮಾತು ಕೇಳಿ, ಆ ಪೇಪರ್...”

“ನಿನ್ನ ಪೇಪರೂ ಬೇಡ, ನೀನೂ ಬೇಡ. ಅರ್ಧಂಬರ್ಧ ಕೆಲಸ ಮಾಡಿ ಪೇಪರ್ ಅಂಟಿಸೋದು ಬೇರೆ. ಇನ್ನು ಈ ಹೊಸ್ತಿಲು ತುಳೀಬೇಡ.”

ಈಗ ಅವನಿಗೂ ಪಿತ್ತ ನೆತ್ತಿಗೇರಿತು. ಬ್ರಷ್ ಬಕೆಟ್ಟಿಗೆ ಎಸೆದು, “ಸರಿ. ಆ ಪೇಪರ್ ನಿಮ್ಮ ಕೈಯಾರೆ ನೀವೇ ಕಿತ್ಕೊಳ್ಳಿ,” ಎಂದವನೇ ಏಣಿ ಹೆಗಲಿಗೇರಿಸಿ ಹೋಗಿಬಿಟ್ಟ.

ಅವಳು ಕೀಳಲಿಲ್ಲ. ಅಂಟಿಸಿದವನೇ ಬಂದು ಕೀಳಲಿ ಎಂದು ಹಟ. ದಿನಾ ಬೆಳಿಗ್ಗೆ ಎದ್ದು ಆ ಪೇಪರ್ ನೋಡಿ ಅವನಿಗೆ ಬೈಯುವುದು, ಆಮೇಲೆ ಮುಖ ತೊಳೆಯುವುದು. ಮುಂದಿನ ಶನಿವಾರ ಬಂತು, ಅವನು ಬರಲಿಲ್ಲ. ಅದರ ಮುಂದಿನದೂ ಹಾಗೇ ಹೋಯಿತು. ಆ ದಿನ ಅವಳು ನಾಲ್ಕು ಸಲ ಬಾಗಿಲಿಗೆ ಹೋಗಿ ಬಂದಳು. ನಾಲ್ಕು ಸಲವೂ ಗಾಳಿಗೆಂದು ತನಗೆ ತಾನೇ ಹೇಳಿಕೊಂಡಳು. ಹೊರಗೆ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ.

ಮಾರನೇ ದಿನ ಮೂಲೆಮನೆ ಅಜ್ಜಿ ಕೋಲೂರಿಕೊಂಡು ಬಂದರು. ಕೈಯಲ್ಲಿ ಕೋಟಿನ ಬಟ್ಟೆ.

“ನನ್ನ ಅಳತೆ ನಿಮ್ಮಮ್ಮ ಗೋಡೆ ಮೇಲೆ ಬರೆದಿಟ್ಟಿದ್ದಾಳಲ್ಲ, ನೋಡಿ ಹೊಲಿ.”

“ಗೋಡೆ ಹೋಯ್ತು ಅಜ್ಜಿ. ಆ ಪೇಂಟರ್ ಎಲ್ಲ ಉಜ್ಜಿಹಾಕ್ದ.”

“ಹೋದ್ರೆ ಹೋಯ್ತು. ನಾನಿನ್ನೂ ಇದ್ದೀನಲ್ಲ, ಟೇಪ್ ತೆಗಿ.” ಅಜ್ಜಿ ಮನೆಯ ಸುತ್ತ ಕಣ್ಣಾಡಿಸಿದರು. “ಮನೆ ಮನೆ ಹಾಗೆ ಕಾಣ್ತಿದೆ ಈಗ. ಪೇಂಟರ್ ಎಲ್ಲಿ?”

“ಓಡಿಸ್ದೆ.”

“ಓಡಿಸೋದ್ರಲ್ಲಿ ನಿನ್ನನ್ನ ಬಿಟ್ರೆ ಇಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುತ್ತೇನೇ ಮೆಣಸು?” ಎನ್ನುತ್ತಲೇ ಅಜ್ಜಿಯ ಕೋಲು ಗೋಡೆಯ ಬುಡಕ್ಕೆ ಹೋಯಿತು. “ಇದೇನಿದು, ಗೋಡೆಗೆ ಬ್ಯಾಂಡೇಜು?” ಬೇಡ ಎನ್ನುವಷ್ಟರಲ್ಲಿ ಕೋಲಿನ ತುದಿ ಪೇಪರಿನ ಮೂಲೆ ಎಬ್ಬಿಸಿ ಅರ್ಧಕ್ಕೆ ಸುಲಿದಿತ್ತು.

ಒಳಗೆ ಪೆನ್ಸಿಲ್ ಅಕ್ಷರ.

ಅವಳು ನೆಲಕ್ಕೆ ಕೂತು ಉಳಿದದ್ದನ್ನು ಮೆಲ್ಲಗೆ ಕಿತ್ತಳು. ಅಮ್ಮ ಮಿಷಿನ್ ಮುಂದೆ ಕೂತಾಗ ಕಾಲ ಬಳಿ ಒಂದು ತುಂಡುಬಟ್ಟೆಯ ಚೀಲ ಸದಾ ಇರುತ್ತಿತ್ತು. ಬರಹ ಆ ಚೀಲದ ಮರೆಯಲ್ಲಿತ್ತು. ಅಲ್ಲಿ ಬಗ್ಗಿ ನೋಡುವ ಕೆಲಸ ಅವಳಿಗೆ ಎಂದೂ ಬಿದ್ದಿರಲಿಲ್ಲ. ಬೀರು ದೂಡಿದ ದಿನವೂ ಗೋಡೆಯತ್ತ ಕಣ್ಣೆತ್ತಿರಲಿಲ್ಲ.

“ಮೆಣಸು, ಇಪ್ಪತ್ತು ವರ್ಷ. ಭುಜ ಹದಿನಾಲ್ಕು. ತೋಳು ಇಪ್ಪತ್ತೊಂದು. ಕಣ್ಣಳತೆ.” ಅದರ ಕೆಳಗೆ ಇಪ್ಪತ್ತೊಂದು, ಇಪ್ಪತ್ತೆರಡು. “ಇಪ್ಪತ್ತಮೂರು. ಸೊಂಟ ಎರಡಿಂಚು ಕಮ್ಮಿ. ಸೊರಗಿದ್ದಾಳೆ. ಕೇಳಿದ್ರೆ ಬೈತಾಳೆ.” “ಇಪ್ಪತ್ತೇಳು. ಹೊಸ ಮಿಷಿನ್ ತಗೊಂಡ್ಳು. ಭುಜ ಬಗ್ಗಿಸಿ ಕೂರ್ತಾಳೆ.” ಒಟ್ಟು ಹನ್ನೊಂದು ಸಾಲು. ಕೊನೆಯದರಲ್ಲಿ ಅಕ್ಷರ ನಡುಗಿತ್ತು. “ಮೂವತ್ತು. ಭುಜ ಹದಿನಾಲ್ಕೂವರೆ. ಒಂದ್ಸಲ ಟೇಪ್ ಹಿಡಿದು ನೋಡಬೇಕಿತ್ತು.”

ಅವಳಿಗೆ ಅಳು ಬರಲಿಲ್ಲ. ಕೆಂಡದಂಥ ಕೋಪ ಬಂತು. ಅಮ್ಮನ ಮೇಲೆ ಬಂತು, ಒಂದು ಮಾತು ಕೇಳಬಾರದಿತ್ತಾ ಎಂದು. ಕೇಳಿದ್ದರೆ ತಾನು ಖಂಡಿತ ಬೈಯುತ್ತಿದ್ದೆ ಎಂದು ಗೊತ್ತಿದ್ದದ್ದರಿಂದ ತನ್ನ ಮೇಲೂ ಬಂತು. ಕತ್ತಿನಿಂದ ಟೇಪ್ ಎಳೆದು ಹೆಗಲ ಮೇಲೆ ಹಾಕಿ ಅಳೆಯಲು ನೋಡಿದಳು. ಟೇಪ್ ಜಾರಿತು. ಇನ್ನೊಮ್ಮೆ ಹಾಕಿದಳು, ಮತ್ತೆ ಜಾರಿತು. ಊರಿಗೆಲ್ಲ ಅಳತೆ ತೆಗೆಯುವವಳಿಗೆ ತನ್ನ ಭುಜ ತಾನು ಅಳೆಯಲು ಬರುವುದಿಲ್ಲ. ಬೆನ್ನ ಹಿಂದೆ ಇನ್ನೊಬ್ಬರು ನಿಲ್ಲಲೇಬೇಕು.

“ಕೊಡಿಲ್ಲಿ, ನಾನು ಹಿಡೀತೀನಿ,” ಎಂದರು ಅಜ್ಜಿ.

“ನೀವು ಬೇಡ,” ಎಂದಳು ಅವಳು, ಚಪ್ಪಲಿ ಹುಡುಕುತ್ತ. ಅಜ್ಜಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

ಎರಡು ಬೀದಿ ಆಚೆ ಹೊಸ ಬೇಕರಿಯ ಮುಂದೆ ಅವನು ಏಣಿ ಹತ್ತಿ ನಿಂತಿದ್ದ.

“ಕೆಳಗಿಳಿ.”

ಅವನು ತಿರುಗಿ ನೋಡಿದ. “ನಿಮ್ಮ ಕೈಯಲ್ಲಿ ಕತ್ತರಿ ಇದೆ. ಇಲ್ಲೇ ಇರ್ತೀನಿ, ಹೇಳಿ.”

ಕತ್ತರಿ ಹಿಡಿದೇ ಬಂದದ್ದು ಅವಳಿಗೆ ಆಗಲೇ ಗೊತ್ತಾದದ್ದು. “ಓದಿದ್ಯಾ ಅದನ್ನ?”

“ಎರಡು ಸಾಲು. ಬೀದಿಯವರು ಕರೆಯೋದು ಕೇಳಿದ್ದೆ, ಮೆಣಸು ಅಂದ್ರೆ ನೀವು ಅಂತ ತಿಳೀತು. ಮುಂದೆ ಓದಬಾರದು ಅನ್ನಿಸ್ತು, ಬಣ್ಣ ಸಿಡೀದ ಹಾಗೆ ಮುಚ್ಚಿದೆ.”

“ಬಾಯಿಬಿಟ್ಟು ಹೇಳೋದಲ್ವಾ?”

“ಎರಡು ಸಲ ಬಾಯಿ ತೆಗೆದೆ, ನೀವು ಬಿಟ್ರಾ? ಆಮೇಲೆ ನನಗೂ ಕೋಪ ಬಂತು. ಕೋಪಾನ ನಿಮ್ಮೊಬ್ರಿಗೇ ಬರೆದುಕೊಟ್ಟಿದ್ದಾರಾ?”

“ಹದಿನೈದು ದಿನ ಇರುತ್ತಾ ಕೋಪ?”

“ಕೋಪ ಎರಡೇ ದಿನ. ಉಳಿದದ್ದು ಭಯ.” ಅವನು ಒಂದೊಂದೇ ಮೆಟ್ಟಿಲು ಇಳಿದ. “ಮೇಲಿನದೆಲ್ಲ ಬರೀ ಲೆಕ್ಕ ಅಂದ್ಕೊಂಡು ಅಳಿಸಿದ್ದು ಇದೇ ಕೈ. ಯಾವ ಮುಖ ಹೊತ್ಕೊಂಡು ಬರ್ಲಿ? ಆ ಇಡೀ ಮನೇನ ನಾನು ನಾಲ್ಕು ದಿನದಲ್ಲಿ ಮುಗಿಸ್ತಿದ್ದೆ. ವಾರಕ್ಕೊಂದೇ ಗೋಡೆ ಅಂದ್ರೆ ಯಾಕೆ ಒಪ್ಕೊಂಡೆ ಅಂತ ಒಂದ್ಸಲನಾದ್ರೂ ಕೇಳಿದ್ರಾ?”

ಕೇಳಿರಲಿಲ್ಲ. ಅವಳ ಕಿವಿ ಬಿಸಿಯಾಯಿತು.

“ಶನಿವಾರ ಬರ್ಲಿ, ನಿನ್ನನ್ನ ಬೈಬೇಕು ಅಂತ ವಾರವೆಲ್ಲ ಕಾಯ್ತಿದ್ದೆ,” ಎಂದಳು. “ಎರಡು ಶನಿವಾರ ಬೈಯೋಕೆ ಯಾರೂ ಇರ್ಲಿಲ್ಲ. ನಿನ್ನಿಂದ ನನಗೆ ಎಷ್ಟು ಕಷ್ಟ ಆಗಿದೆ ಗೊತ್ತಾ?”

ಅವನು ಇನ್ನೂ ಎರಡನೇ ಮೆಟ್ಟಿಲ ಮೇಲಿದ್ದ. ಮಣಿಕಟ್ಟಿನಲ್ಲಿ ಆ ಕೆಂಪು ಚಿಂದಿ, ಬಣ್ಣ ಸಿಡಿದು ಅರ್ಧ ಹಳದಿಯಾಗಿತ್ತು. ಅವಳು ಆ ಕೈ ಹಿಡಿದೆಳೆದು, ಕತ್ತರಿಯ ತುದಿ ಮೆಲ್ಲಗೆ ಒಳಗೆ ತೂರಿಸಿ, ಚಿಂದಿ ಕತ್ತರಿಸಿ ಬಿಸಾಕಿದಳು.

“ನಡಿ. ಟೇಪ್ ಹಿಡೀಬೇಕು.”

ಅಜ್ಜಿ ಹೋಗಿಯಾಗಿತ್ತು. ಕೋಟಿನ ಬಟ್ಟೆ ಮೇಜಿನ ಮೇಲಿತ್ತು. ಅವಳು ಅವನಿಗೆ ಬೆನ್ನು ಮಾಡಿ ನಿಂತಳು. ಅವನ ಬೆರಳು ಅವಳ ಹೆಗಲ ಮೂಳೆ ಹುಡುಕಿತು, ಒಂದು ಕಡೆ ಟೇಪ್ ಒತ್ತಿ ಹಿಡಿಯಿತು, ಮೆಲ್ಲಗೆ ಇನ್ನೊಂದು ಕಡೆಗೆ ಸರಿಯಿತು. ಹದಿಮೂರು ವರ್ಷದಿಂದ ಆ ಭುಜಕ್ಕೆ ಯಾರೂ ಟೇಪ್ ಹಿಡಿದಿರಲಿಲ್ಲ. ಅವಳು ಉಸಿರು ಬಿಗಿಹಿಡಿದಿದ್ದಳು.

“ಎಷ್ಟು?”

“ಹದಿನಾಲ್ಕೂವರೆ.”

“ಸರಿಯಾಗಿ ನೋಡು.”

“ಸರಿಯಾಗೇ ನೋಡಿದೆ. ಹದಿನಾಲ್ಕೂವರೆ. ಒಂದು ಗೆರೆ ಹೆಚ್ಚಿಲ್ಲ, ಕಮ್ಮಿಯಿಲ್ಲ.”

ಆಗ ಅಳು ಬಂತು. ಹನ್ನೊಂದು ವರ್ಷದ್ದೂ ಒಟ್ಟಿಗೇ ಬಂತು. ಅವನು ಹೆಗಲಿನಿಂದ ಕೈ ತೆಗೆಯಲಿಲ್ಲ. ಬಹಳ ಹೊತ್ತಿನ ಮೇಲೆ ಅವಳು ಅವನ ಅಂಗಿಯ ತೋಳಿಗೇ ಮೂಗು ಒರೆಸಿಕೊಂಡು, “ತೋಳು ಗಿಡ್ಡ. ಯಾವ ಪುಣ್ಯಾತ್ಮ ಹೊಲಿದದ್ದು ಇದನ್ನ? ತಿರುಗು,” ಎಂದಳು.

ತಿರುಗಿದ. ಅವಳು ಭುಜ ಅಳೆದಳು, ತೋಳು ಅಳೆದಳು. ಎದೆ ಅಳೆಯುವಾಗ ಟೇಪ್ ಹಿಡಿದು ಸುತ್ತ ಕೈ ಹಾಯಿಸಬೇಕಾಯಿತು, ಅವನು ನಗು ತಡೆದದ್ದು ಟೇಪಿಗೇ ಗೊತ್ತಾಯಿತು. ಅಲುಗಾಡಬೇಡ ಎಂದು ಗದರಿದಳು. ಆಮೇಲೆ ಗೋಡೆಯ ಬುಡದಲ್ಲಿ ಕೂತು, ಅಮ್ಮನ ಕೊನೆಯ ಸಾಲಿನ ಕೆಳಗೆ ಬೆರಳಷ್ಟು ಜಾಗ ಬಿಟ್ಟು, ಪೆನ್ಸಿಲ್‌ನಲ್ಲಿ ಬರೆದಳು. ಪೇಂಟರ್. ಭುಜ ಹದಿನೆಂಟು. ತೋಳು ಇಪ್ಪತ್ತನಾಲ್ಕು.

ಅವನೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಓದಿದ. “ಇದರ ಮೇಲೆ ಬಣ್ಣ ಹೊಡೀಬೇಕಾ?”

“ಹೊಡೆದು ನೋಡು, ಕೈ ಮುರೀತೀನಿ. ವರ್ಷಕ್ಕೊಂದ್ಸಲ ಅಳತೆ ತೆಗೀಬೇಕು. ಮೈ ಬದಲಾಗ್ತಾ ಇರುತ್ತೆ.”

“ಎಷ್ಟು ವರ್ಷ ಮೆಣಸು?”

ಅವನು ಆ ಹೆಸರು ಕರೆದದ್ದು ಅದೇ ಮೊದಲು. ಅವಳು ತಲೆಯೆತ್ತಿ ನೋಡಿದಳು. ಆ ಸಾಲುಗಳ ಮೇಲಿನಿಂದ ಸೂರಿನವರೆಗೆ ತಿಳಿಹಳದಿ, ಅವನೇ ಉಜ್ಜಿ ಉಜ್ಜಿ ಖಾಲಿ ಮಾಡಿದ್ದು.

“ಗೋಡೆ ತುಂಬೋ ತನಕ,” ಎಂದಳು, ಇನ್ನೂ ಕೋಪದಲ್ಲೇ.