ಕಾವ್ಯಾಳ ದನಿ ಬದಲಾದ ಸೋಮವಾರ

2019ರ ಫೆಬ್ರವರಿ 9, ಶನಿವಾರ. ಬೆಳಿಗ್ಗೆ 11.20ಕ್ಕೆ ಇಂದೋರಿನ ಠಾಣೆಯೊಂದರ ಮೆಟ್ಟಿಲುಗಳನ್ನು ಬಿಳಿ ಕೋಲಿನಿಂದ ತಡವುತ್ತ ಒಬ್ಬರು ಹತ್ತಿ ಬಂದರು. ಹೆಸರು ದಿನಕರ್ ಕಾನೂನ್‌ಗೋ, ವಯಸ್ಸು ಐವತ್ತೆರಡು. ದೇವಾಸ್‌ನ ಸರ್ಕಾರಿ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್. ಹುಟ್ಟಿನಿಂದಲೂ ದೃಷ್ಟಿಯಿಲ್ಲ. ಒಬ್ಬರೇ ಬಸ್ಸು ಹಿಡಿದು ಬಂದಿದ್ದರು.

ಹೆಡ್ ಕಾನ್‌ಸ್ಟೆಬಲ್ ಗೇಂದಾಲಾಲ್ ಭಾವಸಾರ್ ಅವಲಕ್ಕಿಯ ಪೋಹಾದ ಮೇಲೆ ಸೇವ್ ಉದುರಿಸಿಕೊಳ್ಳುತ್ತಿದ್ದವನು ಕೈ ಒರೆಸಿಕೊಂಡು ಪೆನ್ನು ತೆಗೆದ.

"ಹೇಳಿ, ಏನು ಕಳೆದಿದೆ?"

"ಒಬ್ಬ ಹುಡುಗಿ."

"ಮಗಳಾ?"

"ಅಲ್ಲ. ಷೇರು ಪೇಟೆ ಸಲಹೆ ಕೊಡೋ ಕಂಪನಿಯವಳು. ಶುಭಾಂಕ್ ರಿಸರ್ಚ್ ಅಂತ, ಇಲ್ಲೇ ನಿಮ್ಮ ಠಾಣೆ ಹಿಂದಿನ ರಸ್ತೇಲಿದೆ. ಹೆಸರು ಕಾವ್ಯಾ."

"ಯಾವತ್ತಿಂದ ಕಾಣಿಸ್ತಿಲ್ಲ?"

"ಕಾಣಿಸೋದು ನಂಗೆ ಯಾವತ್ತೂ ಇಲ್ಲ, ಸಾಹೇಬ್ರೇ. ಫೆಬ್ರವರಿ ಒಂದರಿಂದ ಕೇಳಿಸ್ತಿಲ್ಲ."

ಭಾವಸಾರ್‌ನ ಪೆನ್ನು ನಿಂತಿತು. "ಅಂದ್ರೆ ಫೋನ್ ಬರ್ತಿಲ್ಲ?"

"ಬರ್ತಿದೆ. ದಿನಾ ಒಂಬತ್ತೂ ಹತ್ತಕ್ಕೆ ಸರಿಯಾಗಿ. 'ನಾನು ಕಾವ್ಯಾ' ಅಂತಾನೇ ಹೇಳ್ತಾಳೆ. ಆದ್ರೆ ಸೋಮವಾರದಿಂದ ಮಾತಾಡ್ತಿರೋಳು ಅವಳಲ್ಲ. ಬೇರೆಯವಳು."

"ನೆಗಡಿ ಆಗಿರಬಹುದಲ್ವಾ?"

"ಮೂವತ್ತು ವರ್ಷ ಸ್ವಿಚ್‌ಬೋರ್ಡಲ್ಲಿ ಕೂತಿದೀನಿ. ನೆಗಡಿ ಯಾವುದು, ಬೇರೆ ಗಂಟಲು ಯಾವುದು ಅಂತ ನಂಗೆ ಹೇಳಿಕೊಡ್ತೀರಾ?"

ಒಳಗಿನ ಕೋಣೆಯಲ್ಲಿದ್ದ ಇನ್ಸ್‌ಪೆಕ್ಟರ್ ಭಾರತಿ ಮಂಡಲೋಯಿ ಈ ಮಾತು ಕೇಳಿ ಎದ್ದು ಬಂದರು. ಕಾನೂನ್‌ಗೋ ಅವರನ್ನು ಒಳಗೆ ಕರೆದು ಕೂರಿಸಿ, ನೀರು ಕೊಡಿಸಿ, ಮೊದಲಿನಿಂದ ಹೇಳಲು ತಿಳಿಸಿದರು.

ಕಳೆದ ಸೆಪ್ಟೆಂಬರ್‌ನಲ್ಲಿ ಅವರು ಶುಭಾಂಕ್‌ಗೆ ಶುಲ್ಕ ಕಟ್ಟಿದ್ದರು. ಕೆಲಸ ಬ್ಯಾಂಕ್ ಷೇರುಗಳ ಸೂಚ್ಯಂಕವಾದ ಬ್ಯಾಂಕ್ ನಿಫ್ಟಿಯ ಆಪ್ಷನ್ ವ್ಯಾಪಾರ. ಪೇಟೆ ಏರುತ್ತದೆ ಎನಿಸಿದರೆ ಕಾಲ್ ಕೊಳ್ಳುವುದು, ಇಳಿಯುತ್ತದೆ ಎನಿಸಿದರೆ ಪುಟ್. ವಾಯಿದೆ ಮುಗಿಯುವ ಗುರುವಾರದೊಳಗೆ ಎಣಿಕೆ ಸರಿಯಾದರೆ ಹಣ ದುಪ್ಪಟ್ಟು, ತಪ್ಪಿದರೆ ಸೊನ್ನೆ. ಯಾವುದನ್ನು ಕೊಳ್ಳಬೇಕೆಂದು ಕಾವ್ಯಾ ಹೇಳುತ್ತಿದ್ದಳು. ಪರದೆ ಓದಿ ಹೇಳುವ ಅವರ ಫೋನು ಷೇರು ಖಾತೆಯ ಆ್ಯಪ್‌ನ ಗುಂಡಿಗಳನ್ನು ಓದಿ ಹೇಳುತ್ತಿರಲಿಲ್ಲವಾದ್ದರಿಂದ ಖಾತೆಯ ಪಾಸ್‌ವರ್ಡನ್ನೂ ಅವಳಿಗೇ ಕೊಟ್ಟಿದ್ದರು. ಕೊಳ್ಳುವವಳೂ ಅವಳೇ, ಸಂಜೆ ಲೆಕ್ಕ ಹೇಳುವವಳೂ ಅವಳೇ.

"ಕೊನೇ ಸಲ ಏನು ಮಾತಾಡಿದ್ಲು?" ಭಾರತಿ ಕೇಳಿದರು.

"ಒಂದನೇ ತಾರೀಖು, ಬಜೆಟ್ ದಿನ. 'ಕಾಕಾಜಿ, ಇವತ್ತು ಏನೂ ತಗೋಬೇಡಿ, ಯಾರು ಹೇಳಿದ್ರೂ ತಗೋಬೇಡಿ' ಅಂದ್ಲು. ಹಿಂದುಗಡೆ ಒಬ್ಬ ಗಂಡಸು ಕಿರುಚಿದ. ಏನೋ ಕೆಳಗೆ ಬಿತ್ತು. ಲೈನ್ ಕಟ್ಟಾಯ್ತು."

"ದುಡ್ಡೇನಾದ್ರೂ ಹೋಗಿದ್ಯಾ?"

"ದುಡ್ಡಿನ ಮಾತು ಯಾಕೆ ಮೇಡಮ್? ಅದು ಚೆನ್ನಾಗೇ ಇದೆ. ಹುಡುಗಿ ಏನಾದ್ಲು, ಅದನ್ನ ನೋಡಿ."

ಭಾರತಿ ಠಾಣಾ ದಿನಚರಿಯಲ್ಲಿ ದೂರನ್ನು ನಮೂದಿಸಿದರು. ಕಾನೂನ್‌ಗೋ ಅವರನ್ನು ಬಸ್ಸು ಹತ್ತಿಸಿ ಬಂದ ಭಾವಸಾರ್, "ಹೆಂಡ್ತಿ ದನಿ ಬದಲಾದ್ರೂ ನಂಗೆ ಗೊತ್ತಾಗಲ್ಲ ಮೇಡಮ್" ಎಂದ.

"ನೀವು ಕೇಳಿಸ್ಕೊಂಡ್ರೆ ತಾನೇ ಗೊತ್ತಾಗೋದು?" ಎಂದರು ಭಾರತಿ.

ಫೆಬ್ರವರಿ 11, ಸೋಮವಾರ, ಬೆಳಿಗ್ಗೆ 10.05. ಪೇಟೆ ತೆರೆದ ಮುಕ್ಕಾಲು ಗಂಟೆಗೆ ಇಬ್ಬರೂ ಶುಭಾಂಕ್ ರಿಸರ್ಚ್‌ನ ಮೂರನೇ ಮಹಡಿಗೆ ಹೋದರು. ಒಂದೇ ಹಾಲಿನಲ್ಲಿ ಅರವತ್ತು ಹುಡುಗ ಹುಡುಗಿಯರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಒಟ್ಟಿಗೇ ಮಾತಾಡುತ್ತಿದ್ದರು. ಯಾರೋ ಹೊಸ ಗಿರಾಕಿಯಿಂದ ಶುಲ್ಕ ಕಟ್ಟಿಸಿಕೊಂಡರೆಂದು ಒಬ್ಬ ಗಂಟೆ ಬಾರಿಸಿದ. ಉಳಿದವರು ಮಾತು ನಿಲ್ಲಿಸದೆ ಚಪ್ಪಾಳೆ ತಟ್ಟಿದರು.

ಮಾಲೀಕ ಸೌಮಿತ್ರ ವ್ಯಾಸ್ ನಗುನಗುತ್ತ ಬಂದ. ಮೂವತ್ತೈದರ ಆಸುಪಾಸು.

"ಕಾವ್ಯಾ ಇಲ್ಲೇ ಇದಾಳಲ್ಲ ಮೇಡಮ್! ಎಲ್ಲಿ ಹೋಗ್ತಾಳೆ?" ಎಂದು ನಾಲ್ಕನೇ ಸಾಲಿನ ಹುಡುಗಿಯೊಬ್ಬಳನ್ನು ತೋರಿಸಿದ.

ಅವಳ ಮೇಜಿಗೆ 'ಕಾವ್ಯಾ' ಎಂಬ ಚೀಟಿ ಅಂಟಿಸಿತ್ತು. ಪಕ್ಕದ ಮೇಜುಗಳಲ್ಲಿ 'ನೇಹಾ', 'ಆದಿತ್ಯ', 'ಸಿಮ್ರನ್'. ಭಾರತಿ ಆ ಹುಡುಗಿಯನ್ನು ಮೆಟ್ಟಿಲ ಬಳಿ ಕರೆದೊಯ್ದರು.

"ನಿಜವಾದ ಹೆಸರೇನಮ್ಮ?"

"ಪ್ರಾಚಿ."

"ಕಾವ್ಯಾ ಯಾರು?"

"ಕುರ್ಚಿ ಹೆಸರು ಮೇಡಮ್. ಯಾರು ಕೂತ್ರೂ ಅವರೇ ಕಾವ್ಯಾ. ಗಿರಾಕಿಗೆ ಗೊತ್ತಾಗಬಾರದು ಅಂತ." ಹುಡುಗಿ ಹಾಲಿನ ಕಡೆ ನೋಡಿ ದನಿ ತಗ್ಗಿಸಿದಳು. "ಮುಂಚೆ ಊರ್ಮಿಳಾ ಇದ್ಲು. ಬಜೆಟ್ ದಿನ ಗಿರಾಕಿಗೆ ಬೇಡ ಅಂದ್ಲು ಅಂತ ಸರ್ ಅವಳ ಹೆಡ್‌ಫೋನ್ ಕಿತ್ತು ಎಸೆದ್ರು. ಚಪ್ಪಲಿ ಹಾಕ್ಕೊಂಡು ಹೊರಟುಹೋದ್ಲು. ಅವಳ ಮಾರ್ಕ್ಸ್‌ಕಾರ್ಡ್ ಎಲ್ಲ ಸರ್ ಹತ್ರಾನೇ ಇದೆ."

ವ್ಯಾಸ್‌ನ ಕೋಣೆಯ ಗೋಡೆಯಲ್ಲಿ ಸಲಹೆಗಾರರ ಪರವಾನಗಿಗೆ ಚೌಕಟ್ಟು ಹಾಕಿಸಿ ತೂಗುಹಾಕಿದ್ದರು. ಅದರಲ್ಲಿದ್ದದ್ದು ಬೇರೆ ಯಾರದೋ ಹೆಸರು, ಮುಗಿದುಹೋದ ಅವಧಿ. ಬೀರುವಿನಲ್ಲಿ ಇಪ್ಪತ್ತಮೂರು ನೌಕರರ ಮೂಲ ಮಾರ್ಕ್ಸ್‌ಕಾರ್ಡುಗಳು ಸಿಕ್ಕವು. ಮಧ್ಯಾಹ್ನ 1.30ರ ಹೊತ್ತಿಗೆ ಕೆಳಗಿನ ಔಷಧಿ ಅಂಗಡಿಯವನನ್ನೂ ಕಟ್ಟಡದ ಕಾವಲುಗಾರನನ್ನೂ ಪಂಚರನ್ನಾಗಿಸಿ ಪಂಚನಾಮೆ ನಡೆಯಿತು. ಕಂಪ್ಯೂಟರುಗಳು ಮತ್ತು ಕರೆಗಳ ರೆಕಾರ್ಡಿಂಗ್ ಇದ್ದ ಎರಡು ಡಿಸ್ಕುಗಳು ಜಪ್ತಿಯಾದವು. ಭಾರತಿಯವರ ವರದಿಯ ಮೇಲೆ ಸಂಜೆ 4ಕ್ಕೆ ವಂಚನೆಯ ಎಫ್‌ಐಆರ್ ದಾಖಲಾಗಿ ವ್ಯಾಸ್‌ನ ಬಂಧನವಾಯಿತು.

ಮರುದಿನವಿಡೀ ಭಾರತಿ ಆ ರೆಕಾರ್ಡಿಂಗುಗಳನ್ನು ಕೇಳಿದರು. ಮೊದಲ ವಾರಗಳಲ್ಲಿ ಊರ್ಮಿಳಾಳ ಮಾತು ಬರೆದುಕೊಟ್ಟದ್ದನ್ನು ಒಪ್ಪಿಸಿದಂತಿತ್ತು. "ಗುಡ್ ಮಾರ್ನಿಂಗ್ ಸರ್, ಇವತ್ತಿನ ಅವಕಾಶ..."

ಅಕ್ಟೋಬರ್‌ನಲ್ಲೊಂದು ದಿನ ಕಾನೂನ್‌ಗೋ ಅವಳನ್ನು ನಡುವೆಯೇ ತಡೆದಿದ್ದರು. "ಮಗಳೇ, ತಿಂಡಿ ತಿಂದ್ಯಾ? ಹೊಟ್ಟೆ ಖಾಲಿ ಇದ್ರೆ ದನಿ ಮೇಲ್ಗಡೆ ಹೋಗತ್ತೆ, ನಂಗೆ ಕೇಳಿಸತ್ತೆ."

"ಇಲ್ಲ ಸರ್."

"ಮೊದ್ಲು ತಿನ್ನು ಹೋಗು. ಪೇಟೆ ಎಲ್ಲೂ ಓಡಿಹೋಗಲ್ಲ."

ಅಲ್ಲಿಂದ ಮುಂದೆ ಅವಳು ಅವರನ್ನು 'ಸರ್' ಬಿಟ್ಟು ಕಾಕಾಜಿ, ಚಿಕ್ಕಪ್ಪ, ಎಂದು ಕರೆಯತೊಡಗಿದಳು. ಕಾನೂನ್‌ಗೋ ಹೆಂಡತಿ ಶಕುನ್ ತಮಗಿಟ್ಟ ಅಡ್ಡಹೆಸರುಗಳನ್ನೆಲ್ಲ ಹೇಳಿ ಅವಳನ್ನು ನಗಿಸಿದ್ದರು. ಅವಳ ಮಾತಿನಲ್ಲಿ ನಿಮಾಡ ಸೀಮೆಯ ಎಳೆತವಿತ್ತು. ಭಾರತಿಯವರದೂ ಅದೇ ಸೀಮೆ, ಆ ಎಳೆತ ಅವರಿಗೆ ತಾಯಿಮನೆಯದು.

ರೆಕಾರ್ಡಿಂಗಿನಲ್ಲಿ ನವೆಂಬರ್ 19ರ ಸಂಜೆಯ ಕರೆ ಬಂತು.

"ಇವತ್ತು ಎಷ್ಟಾಯ್ತು ಮಗಳೇ? ಶಕುನ್‌ಗೆ ಮದುವೆ ಆದ ದಿನ ಇವತ್ತು. ಅಂದ್ರೆ ನಂಗೂ ಅದೇ ದಿನಾನೇ ಅನ್ನು!" ಎಂದು ಅವರು ಜೋರಾಗಿ ನಕ್ಕಿದ್ದರು.

ನಾಲ್ಕು ಸೆಕೆಂಡು ಮೌನ.

"ಲಾಭ ಆಗಿದೆ ಕಾಕಾಜಿ. ಹನ್ನೊಂದು ಸಾವಿರ."

ಸಂಜೆ 5ಕ್ಕೆ ಷೇರು ದಲ್ಲಾಳಿ ಸಂಸ್ಥೆಯಿಂದ ಕಾನೂನ್‌ಗೋ ಅವರ ಖಾತೆಯ ವಿವರ ಬಂತು. ನವೆಂಬರ್ 19ರಂದು ಆದದ್ದು ಮೂವತ್ತೆಂಟು ಸಾವಿರ ನಷ್ಟ. ಮರುದಿನ ಖಾತೆಯ ಮೊಬೈಲ್ ಸಂಖ್ಯೆಯನ್ನು ಬದಲಿಸಲಾಗಿತ್ತು. ಅಲ್ಲಿಂದಾಚೆ ಖಾತೆಯ ಒಂದು ಸಂದೇಶವೂ ದೇವಾಸ್‌ಗೆ ಹೋಗಿರಲಿಲ್ಲ. ಹೊಸ ಸಂಖ್ಯೆ ಊರ್ಮಿಳಾ ಗಂಗರಾಡೆ, ಬೇಡಿಯಾ, ಖರಗೋನ್ ಜಿಲ್ಲೆ ಎಂಬ ವಿಳಾಸದಲ್ಲಿತ್ತು. ಕಾನೂನ್‌ಗೋ ಹಾಕಿದ್ದ ಒಂದು ಲಕ್ಷ ಎಂಬತ್ತನಾಲ್ಕು ಸಾವಿರದಲ್ಲಿ ಆರು ಸಾವಿರವಷ್ಟೇ ಉಳಿದಿತ್ತು.

ಭಾವಸಾರ್ ಹಾಳೆಯನ್ನು ಮೇಜಿನ ಮೇಲಿಟ್ಟ. "ಯಾರನ್ನ ಹುಡುಕಿ ಅಂತ ಬಂದ್ರೋ, ಅವಳೇ ಇವರನ್ನ ಮುಳುಗಿಸಿದಾಳೆ."

ಭಾರತಿ ಪ್ರಕರಣದಲ್ಲಿ ಎರಡನೇ ಆರೋಪಿಯ ಹೆಸರು ಸೇರಿಸಿದರು.

ಫೆಬ್ರವರಿ 13, ಬುಧವಾರ. ಬೇಡಿಯಾದ ಮೆಣಸಿನಕಾಯಿ ಮಾರುಕಟ್ಟೆ ತಲುಪಿದಾಗ ಮಧ್ಯಾಹ್ನ 1.45. ಕಣ್ಣು ಹಾಯುವಷ್ಟು ದೂರ ಕೆಂಪು ಮೆಣಸಿನಕಾಯಿ ಒಣಹಾಕಿದ್ದರು. ಜೀಪಿನಿಂದ ಇಳಿದ ಕೂಡಲೇ ಭಾವಸಾರ್ ಕೆಮ್ಮತೊಡಗಿದ. ಸೆರಗನ್ನು ಮೂಗಿಗೆ ಕಟ್ಟಿಕೊಂಡ ಹೆಂಗಸರ ಸಾಲೊಂದು ಕಾಯಿ ಆರಿಸುತ್ತ ಕೂತಿತ್ತು. ಭಾರತಿ ನಿಮಾಡಿಯಲ್ಲಿ ವಿಚಾರಿಸಿದರು. ಸಾಲಿನ ಕೊನೆಯಿಂದ ಒಬ್ಬ ಹುಡುಗಿ ತಾನಾಗಿಯೇ ಎದ್ದು ನಿಂತು ಮುಖದ ಬಟ್ಟೆ ಬಿಚ್ಚಿದಳು. ಇಪ್ಪತ್ತಮೂರು ವರ್ಷ. ಪಕ್ಕದಲ್ಲಿದ್ದ ತಾಯಿ ಅವಳ ಕೈ ಹಿಡಿದುಕೊಂಡರು.

"ಕಾಕಾಜಿ ದೂರು ಕೊಟ್ರಾ?" ಊರ್ಮಿಳಾ ಕೇಳಿದಳು.

"ಕೊಟ್ರು. ನೀನು ಕಳೆದುಹೋಗಿದೀಯ ಅಂತ."

ಅವಳು ಅಲ್ಲೇ ಕೂತಳು. ಭಾರತಿ ಅವಳ ಎದುರಿಗೆ ಗೋಣಿಚೀಲದ ಮೇಲೆ ಕೂತರು.

"ಯಾವ ಆಪ್ಷನ್ ಕೊಳ್ಳಬೇಕು ಅಂತ ಯಾರು ಹೇಳ್ತಿದ್ರು?"

"ಯಾರೂ ಇಲ್ಲ ಮೇಡಮ್. ಬೆಳಿಗ್ಗೆ ಸರ್ ಪಟ್ಟಿ ಕೊಡ್ತಿದ್ರು. ಅರ್ಧ ಜನಕ್ಕೆ ಏರತ್ತೆ ಅನ್ನಬೇಕು, ಇನ್ನರ್ಧ ಜನಕ್ಕೆ ಇಳಿಯತ್ತೆ ಅನ್ನಬೇಕು. ಯಾರಿಗೆ ಸರಿ ಬಂತೋ ಅವರತ್ರ ಮತ್ತೆ ಶುಲ್ಕ. ಕಾಕಾಜಿ ಹೆಸರು ಯಾವ ಅರ್ಧದಲ್ಲಿದೆ ಅಂತ ದಿನಾ ಹೆದರ್ಕೊಂಡೇ ನೋಡ್ತಿದ್ದೆ."

"ಮೊಬೈಲ್ ನಂಬರ್ ಯಾಕೆ ಬದಲಾಯಿಸಿದೆ?"

"ನಷ್ಟದ ಮೆಸೇಜು ಅವರ ಫೋನು ಓದಿ ಹೇಳಿಬಿಡತ್ತಲ್ಲ."

"ಇವತ್ತಲ್ಲ ನಾಳೆ ಗೊತ್ತಾಗಲ್ವಾ?"

"ನಾಳೆ ಗೆಲ್ತೀನಿ, ಗೆದ್ದು ಸರಿ ಮಾಡಿಬಿಡ್ತೀನಿ ಅಂದ್ಕೊಂಡೆ. ದಿನಾ ಹಾಗೇ ಅಂದ್ಕೊಂಡೆ. ಡಿಸೆಂಬರಲ್ಲಿ ಅವರು ವಾಷಿಂಗ್ ಮೆಷೀನಿಗೆ ಅಂತ ಹತ್ತು ಸಾವಿರ ತೆಗೆಸಿದ್ರು. ಖಾತೆಲಿ ಇರಲಿಲ್ಲ. ನನ್ನ ಸಂಬಳ ಹಾಕಿದೆ."

ದಲ್ಲಾಳಿಯ ವಿವರದಲ್ಲಿ ಅದೂ ಇತ್ತು. ಯಾರಿಂದ ಬಂತೆಂದು ತಿಳಿಯದೆ ಭಾರತಿ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿದ್ದರು.

"ನನ್ನ ಮಗಳು ಕದ್ದಿದಾಳಾ ಅಕ್ಕಾ?" ತಾಯಿ ಕೇಳಿದರು.

"ಕದ್ದಿಲ್ಲ. ಸುಳ್ಳು ಹೇಳಿದಾಳೆ. ಅದಕ್ಕೂ ಕಾನೂನು ಇದೆ."

ಮಧ್ಯಾಹ್ನ 2.40ಕ್ಕೆ ತಾಯಿಗೆ ತಿಳುವಳಿಕೆ ಕೊಟ್ಟು, ಬಂಧನ ಪತ್ರಕ್ಕೆ ಅವರ ಹೆಬ್ಬೆಟ್ಟು ಹಾಕಿಸಿ ಊರ್ಮಿಳಾಳನ್ನು ಬಂಧಿಸಲಾಯಿತು. ಜೀಪು ಹತ್ತುವ ಮುಂಚೆ ತಾಯಿ ಜೋಳದ ರೊಟ್ಟಿಯ ಗಂಟೊಂದನ್ನು ಭಾವಸಾರ್‌ನ ಕೈಗಿತ್ತು, "ನೀವೂ ತಿನ್ನಿ ಅಣ್ಣಾ" ಎಂದರು. ಅವನು ಕೆಮ್ಮುತ್ತಲೇ ತಲೆಯಾಡಿಸಿದ.

ಫೆಬ್ರವರಿ 14, ಗುರುವಾರ, ಬೆಳಿಗ್ಗೆ 10. ಕಾನೂನ್‌ಗೋ ಹೆಂಡತಿಯೊಡನೆ ಠಾಣೆಗೆ ಬಂದರು. ಭಾರತಿ ಏನನ್ನೂ ಮುಚ್ಚಿಡದೆ ಹೇಳಿದರು. ಅವರು ಕೋಲಿನ ಮೇಲೆ ಎರಡೂ ಕೈಯಿಟ್ಟು ಕೇಳಿದರು. ಶಕುನ್ ಸೆರಗಿನಿಂದ ಮುಖ ಒರೆಸಿಕೊಂಡು, "ಮೂವತ್ತು ವರ್ಷದ ಪಿ.ಎಫ್. ದುಡ್ಡು ಮೇಡಮ್ ಅದು" ಎಂದರು. ಕಾನೂನ್‌ಗೋ ಕೇಳಿದ್ದು ಒಂದೇ.

"ಅವಳು ಇಲ್ಲಿದಾಳಾ?"

ಊರ್ಮಿಳಾಳನ್ನು ಕರೆತಂದರು. ಬಾಗಿಲಲ್ಲೇ ನಿಂತಳು. ಅವಳು ಮಾತಾಡುವ ತನಕ ಅವರಿಗೆ ಅವಳು ಬಂದದ್ದು ತಿಳಿಯುವಂತಿರಲಿಲ್ಲ. ಆದರೂ ಅವರೇ ಮೊದಲು ಕೇಳಿದರು.

"ಯಾಕೆ ಉಸಿರು ಬಿಗಿ ಹಿಡ್ಕೊಂಡು ನಿಂತಿದೀಯ?"

"ಕಾಕಾಜಿ..."

"ಹಾಂ. ಇದೇ." ಅವರು ಭಾರತಿಯತ್ತ ಕೈ ಮಾಡಿದರು. "ಇದೇ ದನಿ, ಮೇಡಮ್. ಬರ್ಕೊಳ್ಳಿ." ಆಮೇಲೆ ಅವಳತ್ತ ತಿರುಗಿ, "ನಷ್ಟ ಆಯ್ತು ಅಂದಿದ್ರೆ ನಾನೇನು ನಿನ್ನ ನುಂಗಿಬಿಡ್ತಿದ್ನಾ?"

"ಅವತ್ತು ನೀವು ನಗ್ತಿದ್ರಿ."

"ನಕ್ರೆ?"

"ಆ ಹಾಲಲ್ಲಿ ದಿನಾ ನೂರು ಜನರ ಹತ್ರ ಮಾತಾಡ್ತಿದ್ದೆ ಕಾಕಾಜಿ. ಎಲ್ರೂ ಬೈತಿದ್ರು, ಇಲ್ಲಾ ಅಳ್ತಿದ್ರು. ನಗ್ತಿದ್ದೋರು ನೀವೊಬ್ರೇ. ನಿಲ್ಲಿಸಬೇಕು ಅನಿಸಲಿಲ್ಲ."

"ನಿನ್ನ ಸುಳ್ಳಿಗೆ ಎರಡೂವರೆ ತಿಂಗಳು ಸಿಹಿ ಹಂಚಿದೀನಿ, ಗೊತ್ತಾ? ಆಫೀಸಲ್ಲೆಲ್ಲಾ." ಅವರ ದನಿ ಗಡುಸಾಯಿತು. "ಕಣ್ಣಿಲ್ಲದೋನು ಅಂತ ಎಲ್ರೂ ನನ್ನ ಹತ್ರ ಒಳ್ಳೇದನ್ನೇ ಹೇಳ್ತಾರೆ. ನೀನೂ ಹಾಗೇ ಮಾಡಿಬಿಟ್ಯಲ್ಲೇ. ಅದು ನೋವಾಗತ್ತೆ ಮಗಳೇ. ದುಡ್ಡಿಗಿಂತ ಅದು ನೋವಾಗತ್ತೆ."

ಊರ್ಮಿಳಾ ತಲೆ ತಗ್ಗಿಸಿ ಅತ್ತಳು. ಯಾರೂ ಸಮಾಧಾನ ಮಾಡಲಿಲ್ಲ.

ಖಾತೆಯ ವಿವರವನ್ನು ಅವರಿಗೆ ಓದಿ ಹೇಳಿ ಹೇಳಿಕೆ ಪಡೆಯುವುದು ಬಾಕಿಯಿತ್ತು. ಭಾರತಿ ಹಾಳೆ ಎತ್ತಿಕೊಂಡಾಗ ಕಾನೂನ್‌ಗೋ ಕೈ ಅಡ್ಡ ಹಿಡಿದರು.

"ಅವಳೇ ಓದಲಿ."

"ಮೇಡಮ್, ಆರೋಪಿ ಕೈಗೆ..." ಎಂದ ಭಾವಸಾರ್.

"ಇದು ನಕಲು ಪ್ರತಿ. ಓದಲಿ," ಎಂದು ಭಾರತಿ ಹಾಳೆ ಚಾಚಿದರು.

ಊರ್ಮಿಳಾ ಹಾಳೆ ಹಿಡಿದುಕೊಂಡಳು. ತಾರೀಖು, ಕೊಂಡದ್ದು, ಮಾರಿದ್ದು, ಉಳಿದದ್ದು. ಒಂದೊಂದೇ ಸಾಲು ಓದಿದಳು. ನವೆಂಬರ್ 19 ಬಂದಾಗ ನಿಂತಳು. ಕಾನೂನ್‌ಗೋ ಅವಸರ ಮಾಡಲಿಲ್ಲ.

"ನಷ್ಟ, ಕಾಕಾಜಿ. ಮೂವತ್ತೆಂಟು ಸಾವಿರದ ನಾನೂರು."

"ಹೂಂ," ಎಂದರು ಅವರು. "ಮುಂದೆ."

ಆರು ಹಾಳೆ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಶಕುನ್ ನಡುವೆ ಎದ್ದು ಹೋಗಿ ಅವಳಿಗೊಂದು ಲೋಟ ನೀರು ತಂದಿಟ್ಟರು.

ನ್ಯಾಯಾಲಯಕ್ಕೆ ಹೊರಡುವ ಮುಂಚೆ ಭಾರತಿ ಕೇಸ್ ಡೈರಿ ತುಂಬಿದರು. ವ್ಯಾಸ್‌ನ ಮಟ್ಟಿಗೆ ಅಪರಾಧದ ಕಾರಣವನ್ನು ಒಂದೇ ಮಾತಿನಲ್ಲಿ, 'ಹಣ' ಎಂದು ಬರೆದರು. ಎರಡನೇ ಆರೋಪಿಯ ಮುಂದೆ ಹೀಗೆ ಬರೆದರು: 'ಆರೋಪಿಯು ತನಗಾಗಿ ಏನನ್ನೂ ತೆಗೆದುಕೊಂಡಿಲ್ಲ. ಸಂತೋಷದಲ್ಲಿದ್ದ ಒಬ್ಬರಿಗೆ ಕೆಟ್ಟ ಸುದ್ದಿ ಹೇಳಲು ಆಕೆಗೆ ಬಾಯಿ ಬರಲಿಲ್ಲ. ಉಳಿದ ಸುಳ್ಳುಗಳೆಲ್ಲ ಆ ಮೊದಲ ಸುಳ್ಳನ್ನು ಕಾಯಲು ಹೇಳಿದಂಥವು.'

ಹೊರಗೆ ಕಾನೂನ್‌ಗೋ ಭಾವಸಾರ್‌ನನ್ನು ಕೇಳುತ್ತಿದ್ದರು.

"ಅವಳ ಜಾಮೀನಿಗೆ ಸರ್ಕಾರಿ ನೌಕರನ ಸಂಬಳದ ಚೀಟಿ ನಡೆಯತ್ತಾ?"

"ನಡೆಯತ್ತೆ. ಆದ್ರೆ ನಷ್ಟ ಆದೋರೇ ನೀವಲ್ವಾ ಸಾಹೇಬ್ರೇ? ನ್ಯಾಯಾಧೀಶರು ನಗ್ತಾರೆ."

"ನಗಲಿ," ಎಂದು ಅವರು ಜೇಬಿನಿಂದ ನಾಲ್ಕು ಮಡಿಕೆಯ ಸಂಬಳದ ಚೀಟಿಯನ್ನು ತೆಗೆದರು. "ಕೋರ್ಟ್ ಯಾವ ಕಡೆ? ನಡೀರಿ."