ಬಿಗಿಯಾದ ಬೂಟು, ಬರಿದಾದ ಸಿಲಿಂಡರು

"ನಮ್ಮೆಜಮಾನ್ರು ನಮ್ಮಪ್ಪನ ಜೀವ ತೆಗೆಯೋಕೆ ನೋಡಿದ್ರಾ, ಇಲ್ವಾ? ಅಷ್ಟು ಹೇಳಿಬಿಡಿ, ಸಾಕು."

ಬಾಗಿಲಲ್ಲೇ ನಿಂತು ಹೀಗೆ ಕೇಳಿದವಳು ಹಿಂದಿನ ಬೀದಿಯ ನಕ್ಷೆ ಮೇಷ್ಟ್ರ ಮಗಳು. ಬಟಾಣಿ ಬಿಡಿಸುತ್ತ ಕೂತಿದ್ದ ನಮ್ಮತ್ತೆ ಬಟ್ಟಲನ್ನು ನನ್ನ ಮಡಿಲಿಗೆ ತಳ್ಳಿ, "ಮೊದ್ಲು ಒಳಗೆ ಬಾ, ಕೂತ್ಕೋ. ಇದು ನಿಂತ್ಕೊಂಡು ಆಡೋ ಮಾತಲ್ಲ," ಎಂದರು.

ನಮ್ಮತ್ತೆ ರೈಲ್ವೆಯವರ ಕಳೆದುಹೋದ ಸಾಮಾನುಗಳ ಕಚೇರಿಯಲ್ಲಿದ್ದು ನಿವೃತ್ತರಾದವರು. ಯಾರದೋ ಕೊಡೆ, ಯಾರದೋ ಹಲ್ಲಿನ ಸೆಟ್ಟು, ಯಾರದೋ ಪಿಟೀಲನ್ನು ಮುಂದಿಟ್ಟುಕೊಂಡು ಅದರ ಒಡೆಯರ ಗುಣಸ್ವಭಾವ ಹೇಳುವುದರಲ್ಲಿ ಅವರದು ಎತ್ತಿದ ಕೈ. ಕೆಲಸ ಬಿಟ್ಟ ಮೇಲೂ ಜನ ಅವರನ್ನು ಬಿಡಲಿಲ್ಲ. ಕಳುವಾದರೂ ಬಂದರು, ಮೋಸವಾದರೂ ಬಂದರು. ಅವರನ್ನು ಸ್ಕೂಟರಿನಲ್ಲಿ ಕರೆದೊಯ್ಯುವುದು ಮತ್ತು ಅಲ್ಲಿ ಬಾಯಿ ಮುಚ್ಚಿಕೊಂಡಿರುವುದು ಸೊಸೆಯಾದ ನನ್ನ ಕೆಲಸ. ಮೊದಲನೆಯದನ್ನು ನಾನು ಚೆನ್ನಾಗಿಯೇ ಮಾಡುತ್ತೇನೆ. ಅತ್ತೆಯನ್ನು ಹೊಗಳುವ ಸೊಸೆ ಎಂದು ನನ್ನ ಗೆಳತಿಯರು ಮೂಗು ಮುರಿಯುತ್ತಾರೆ. ಮುರಿಯಲಿ, ಮೂಗು ಅವರದ್ದೇ ತಾನೆ.

ಮಗಳು ನೀರು ಕುಡಿದು ವಿಷಯಕ್ಕೆ ಬಂದಳು. ಅವಳಪ್ಪ ಸರ್ವೆ ಕಚೇರಿಯಲ್ಲಿ ಕೂತು ಜೀವಮಾನವೆಲ್ಲ ದೂರದ ಎತ್ತರದ ಪರ್ವತಗಳ ನಕ್ಷೆ ಬರೆದವರು. ಪಾಠ ಹೇಳದಿದ್ದರೂ ಬೀದಿಯವರ ಬಾಯಲ್ಲಿ ಅದಕ್ಕೇ ನಕ್ಷೆ ಮೇಷ್ಟ್ರು. ಒಂದೊಂದು ಶಿಖರದ ಸುತ್ತ ಎತ್ತರದ ಗೆರೆಗಳನ್ನು ಕೂದಲಷ್ಟು ತೆಳುವಾಗಿ ಎಳೆದ ಆ ಮನುಷ್ಯ ಒಂದು ಗುಡ್ಡವನ್ನೂ ಹತ್ತಿದವರಲ್ಲ. ತಾನು ಎಳೆದ ಗೆರೆಗಳ ಮೇಲೆ ಒಂದು ಸಲ ಕಾಲಿಡಬೇಕೆನ್ನುವುದು ಅವರ ಆಸೆ. ಆ ಪ್ರಯಾಣಕ್ಕೆ ಇನ್ನು ನಾಲ್ಕೇ ದಿನ ಉಳಿದಿತ್ತು. ಜೊತೆಗೆ ಹೊರಟಿದ್ದವರು ಅವರ ತಮ್ಮ, ಅಂದರೆ ಅವಳ ಚಿಕ್ಕಪ್ಪ.

"ಇವರಿಗೆ ಅಪ್ಪ ಹೋಗೋದು ಮೊದಲಿಂದಲೂ ಇಷ್ಟ ಇರ್ಲಿಲ್ಲ," ಎಂದಳು. "ಈ ವಯಸ್ಸಿಗೆ ಅಷ್ಟು ಎತ್ತರ ಬೇಡ ಅಂತ ಜಗಳ. ಹೇಗಾದ್ರೂ ಮಾಡಿ ತಡೀತೀನಿ ಅಂತ ಎಲ್ಲರ ಮುಂದೇನೇ ಹೇಳಿದ್ರು. ಅಪ್ಪ ಕೇಳ್ಲಿಲ್ಲ. ಕೊನೆಗೆ ತಾವೇ ಹೋಗಿ ಆಕ್ಸಿಜನ್ ಸಿಲಿಂಡರ್ ತುಂಬಿಸಿಕೊಂಡು ಬಂದ್ರು. ಇವರದು ವೆಲ್ಡಿಂಗ್ ಶಾಪಲ್ವಾ, ಸಿಲಿಂಡರ್ ವ್ಯವಹಾರ ಎಲ್ಲ ಗೊತ್ತು. ನಿನ್ನೆ ಚಿಕ್ಕಪ್ಪ ಬ್ಯಾಗ್ ಕಟ್ಟೋವಾಗ ನೋಡಿದ್ರೆ ಮೀಟರಿನ ಮುಳ್ಳು ಸೊನ್ನೆಯಲ್ಲಿದೆ! ಅಲ್ಲಿ ಮೇಲೆ ಹೋದಾಗ ಉಸಿರು ಕಟ್ಟಿ, ಖಾಲಿ ಸಿಲಿಂಡರ್ ಕೈಯಲ್ಲಿ ಹಿಡ್ಕೊಂಡಿದ್ರೆ ಅಪ್ಪನ ಗತಿ?"

"ಇನ್ನೇನಾದ್ರೂ ಆಗಿದ್ಯಾ?"

"ಬೂಟು. ಅಪ್ಪನ ಬೂಟು ಯಾರೋ ಬದಲಾಯಿಸಿ ಚಿಕ್ಕದು ಇಟ್ಟಿದ್ದಾರೆ. ಅದನ್ನ ಅಂಗಡಿಯಿಂದ ತಂದವರೂ ಇವರೇ. ರಾತ್ರಿ ಚಿಕ್ಕಪ್ಪ ಇವರನ್ನ ನೇರವಾಗಿ ಕೇಳಿದ್ರು. ಇವರು ಅಪ್ಪನ ಮುಖ ನೋಡಿದ್ರು. ಅಪ್ಪ ತಲೆ ತಗ್ಗಿಸಿದ್ರು. ಅಷ್ಟೇ. 'ಇನ್ನು ಮಾವನ ಮನೇಲಿ ಇರಲ್ಲ, ನಾಳೆ ಸಂಜೆ ಶಾಪಿನ ಹತ್ರ ರೂಮ್ ನೋಡ್ಕೋತೀನಿ' ಅಂದ್ರು. ನಾನು ತಡೀಬೇಕಾ, ಬಿಡಬೇಕಾ ಗೊತ್ತಾಗ್ತಿಲ್ಲ."

ಅತ್ತೆ ಚಪ್ಪಲಿ ಹಾಕಿಕೊಂಡರು. ಬಟಾಣಿ ಹಾಗೇ ಉಳಿಯಿತು.

ಮೇಷ್ಟ್ರ ಮನೆಯ ಹಜಾರದಲ್ಲಿ ಪ್ರಯಾಣದ ಸಾಮಾನು ಹರಡಿಕೊಂಡಿತ್ತು. ಉಣ್ಣೆ ಟೋಪಿ, ಕೈಗವಸು, ಕಪ್ಪು ಕನ್ನಡಕ, ತುಟಿಗೆ ಹಚ್ಚುವ ಮುಲಾಮು, ಅರ್ಧ ತುಂಬಿದ ಬೆನ್ನುಚೀಲ. ಮೇಷ್ಟ್ರು ಕಿಟಕಿಯ ಪಕ್ಕದ ಆರಾಮ ಕುರ್ಚಿಯಲ್ಲಿದ್ದರು. ಬೆನ್ನಿಗೆ ಎರಡು ದಿಂಬು, ಕುತ್ತಿಗೆಗೆ ಒಂದು, ಕುರ್ಚಿಯ ಕೈಮೇಲೆ ಮಡಿಸಿದ ಕಂಬಳಿ.

"ಇಲ್ಲೇ ಮಲಗ್ತೀರಾ ಮೇಷ್ಟ್ರೇ?" ಎಂದು ಅತ್ತೆ ಕೇಳಿದರು.

"ನಕ್ಷೆ ನೋಡ್ತಾ... ಹಾಗೇ ನಿದ್ದೆ ಬಂದುಬಿಡುತ್ತೆ," ಎಂದು ಮೇಷ್ಟ್ರು ನಕ್ಕರು. ಮಾತಿನ ಮಧ್ಯೆ ನಿಂತು ನಿಂತು ಹೇಳಿದರು.

"ಬೂಟು ಯಾವತ್ತಿಂದ ಬಿಗಿ?"

"ತಂದಾಗ ಸರಿಯಾಗಿತ್ತು. ಅದನ್ನ ಹಾಕ್ಕೊಂಡೇ ಮೆಟ್ಟಿಲು ಹತ್ತಿ ಇಳಿದು ಅಭ್ಯಾಸ ಮಾಡಿದ್ದೆ. ಈಚೆಗೆ ಬದಲಾಗಿದೆ. ಬೆಳಿಗ್ಗೆ ಹೇಗೋ ತುರುಕಬಹುದು, ಸಂಜೆ ಕಾಲೇ ಹೋಗಲ್ಲ." ಅವರ ದನಿಯಲ್ಲಿ ನಿಜವಾದ ಸಿಟ್ಟಿತ್ತು.

ಚಿಕ್ಕಪ್ಪ ಒಳಗಿನಿಂದ ಬಂದು, "ಬೂಟು ನೆಪ ಮಾಡ್ಕೊಂಡು ಅಣ್ಣ ಅಭ್ಯಾಸ ಬಿಟ್ಟುಬಿಟ್ಟ. ನಾನೊಬ್ಬನೇ ಮೆಟ್ಟಿಲು ಹತ್ತಿ ಹತ್ತಿ ಮಂಡಿ ಕಳ್ಕೊಂಡೆ," ಎಂದರು. ಪರ್ವತ ಎಂದರೆ ಚಿಕ್ಕಪ್ಪನಿಗೆ ಜೀವ ಬಾಯಿಗೆ ಬರುತ್ತಿತ್ತೆಂದು ಬೀದಿಗೆಲ್ಲ ಗೊತ್ತು. ಸಿಲಿಂಡರ್ ಖಾಲಿಯಾದರೆ ಪ್ರಯಾಣ ನಿಲ್ಲುತ್ತದೆ ಎಂಬ ಲೆಕ್ಕ ಇವರಿಗೂ ಇರಬಹುದಲ್ಲ ಎಂದು ನಾನು ಅತ್ತೆಯ ಕಡೆ ಕಣ್ಣು ಮಿಟುಕಿಸಿದೆ. ಅವರು ನೋಡಿಯೂ ನೋಡದಂತಿದ್ದರು.

ಅತ್ತೆ ಸಿಲಿಂಡರನ್ನು ತಿರುಗಿಸಿ ನೋಡಿದರು. ಅದಕ್ಕೆ ಸಿಕ್ಕಿಸುವ ಮಾಸ್ಕಿನ ಪ್ಲಾಸ್ಟಿಕ್ ಕವರು ಒಡೆದಿತ್ತು. ಮಾಸ್ಕಿನ ಎಲಾಸ್ಟಿಕ್ ದಾರವನ್ನು ಎರಡೂ ಕಡೆ ಎಳೆದು ಬಿಗಿ ಮಾಡಿದ್ದರು. ಬೂಟಿನ ಡಬ್ಬಿಯಲ್ಲಿ ಒಂದು ಟ್ರೇಸಿಂಗ್ ಹಾಳೆ ಮಡಚಿಟ್ಟಿತ್ತು. ಬೂಟಿನ ಅಳತೆಗೆಂದು ಮೇಷ್ಟ್ರು ತಮ್ಮ ಪಾದದ ಸುತ್ತ ಪೆನ್ಸಿಲ್ ಓಡಿಸಿ ಅಂಗಡಿಗೆ ಕೊಟ್ಟಿದ್ದ ಹಾಳೆ ಅದು. ನಾವೆಲ್ಲ ಅಂಗಡಿಯಲ್ಲಿ ನಂಬರ್ ಹೇಳಿ ಬೂಟು ತರುತ್ತೇವೆ. ನಕ್ಷೆ ಬರೆಯುವವರು ಕಾಲಿನದ್ದೂ ನಕ್ಷೆ ಬರೆದೇ ಕಳಿಸುತ್ತಾರೆ. ಅತ್ತೆ ಬೂಟಿನ ಒಳಗಿನ ಅಟ್ಟೆಯನ್ನು ಎಳೆದು ತೆಗೆದು ಆ ಹಾಳೆಯ ಮೇಲಿಟ್ಟು ನೋಡಿ, ಮತ್ತೆ ಎಲ್ಲವನ್ನೂ ಇದ್ದ ಹಾಗೇ ಇಟ್ಟರು.

ಅಳಿಯ ಸಿಕ್ಕಿದ್ದು ಅವನ ಶಾಪಿನಲ್ಲಿ. ಗೇಟೊಂದನ್ನು ಬೆಸೆಯುತ್ತಿದ್ದ ಭಾರಿ ಆಳು, ಮುಖಕ್ಕೆ ಹಿಡಿದ ಕಪ್ಪು ಗಾಜನ್ನು ಕೆಳಗಿಳಿಸಿ ಎದ್ದು ನಿಂತ.

"ಸಿಲಿಂಡರ್ ಸೋರಿಹೋಗಿರಬಹುದಾ?" ಎಂದು ಅತ್ತೆ ಕೇಳಿದರು.

"ಇಲ್ಲಮ್ಮ. ತಂದ ದಿನಾನೇ ಜಾಯಿಂಟಿಗೆಲ್ಲ ಸೋಪಿನ ನೊರೆ ಹಚ್ಚಿ ನೋಡಿದ್ದೆ. ಒಂದು ಗುಳ್ಳೇನೂ ಏಳ್ಲಿಲ್ಲ."

"ಪೂರ್ತಿ ತಿರುಗಿಸಿ ಬಿಟ್ಟರೆ?"

ಅವನು ಪಕ್ಕದ ಸಿಲಿಂಡರಿನ ಕೀಲಿಯನ್ನು ಒಂದು ಕ್ಷಣ ತಿರುಗಿಸಿದ. ಬುಸ್ಸೆಂದ ಸದ್ದಿಗೆ ನಾನು ಎರಡು ಹೆಜ್ಜೆ ಹಿಂದೆ ಹಾರಿದೆ. ಬೀದಿಯಲ್ಲಿ ಹೋಗುತ್ತಿದ್ದವರೂ ತಿರುಗಿ ನೋಡಿದರು.

"ಮಾಸ್ಕಿನ ಕವರ್ ನೀನು ಒಡೆದಿದ್ಯಾ?"

"ಇಲ್ಲ. ಕೊಳೆಯಾಗುತ್ತೆ ಅಂತ ಹಾಗೇ ಇಟ್ಟಿದ್ದೆ." ಕಪ್ಪು ಗಾಜನ್ನು ಬೆಂಚಿನ ಮೇಲಿಟ್ಟು, "ಮಾವ ಒಂದು ಮಾತು ಹೇಳ್ತಾರೆ ಅಂದ್ಕೊಂಡಿದ್ದೆ ಅಮ್ಮ. ಅಳಿಯ ಅಂಥವನಲ್ಲ ಅಂತ," ಎಂದ.

ಹೊರಗೆ ಬಂದು ಅತ್ತೆ ಯಾರಿಗೋ ಫೋನ್ ಮಾಡಿ, "ಸಂಜೆ ಇರ್ತೀರಲ್ವಾ ಡಾಕ್ಟ್ರೇ?" ಎಂದು ಕೇಳಿದರು. ಆಮೇಲೆ ನನಗೆ, "ಸಂಜೆ ಎಲ್ಲರೂ ಮೇಷ್ಟ್ರ ಮನೇಲಿ ಸೇರ್ಬೇಕು ಅಂತ ಹೇಳು. ಬೆಳಿಗ್ಗೆ ಆಗಲ್ಲ, ಸಂಜೆಗೇ," ಎಂದರು. ನನಗೆ ತಲೆಬುಡ ಅರ್ಥವಾಗಲಿಲ್ಲ. ಕೇಳಿದ್ದಕ್ಕೆ, "ಗಾಡಿ ಓಡ್ಸು," ಎಂದರು.

ಸಂಜೆ ಹಜಾರದಲ್ಲಿ ಸಾಮಾನುಗಳ ನಡುವೆ ಎಲ್ಲರೂ ಕೂತರು. ಅಳಿಯ ಮಾತ್ರ ಬಾಗಿಲ ಹತ್ತಿರ ನಿಂತಿದ್ದ. ಮಗಳು ಅವನ ಕಡೆ ನೋಡಲಿಲ್ಲ.

"ನಮ್ಮ ಕಚೇರಿಗೆ ಬಂದ ಸಾಮಾನನ್ನ ನಾನು ಕೇಳ್ತಿದ್ದದ್ದು ಒಂದೇ," ಎಂದು ಅತ್ತೆ ಶುರುಮಾಡಿದರು. "ನಿನ್ನನ್ನ ಯಾರು, ಯಾತಕ್ಕೆ ಉಪಯೋಗಿಸ್ತಿದ್ರು? ಈ ಸಿಲಿಂಡರನ್ನೂ ಅದನ್ನೇ ಕೇಳಿದೆ. ಹಾಳು ಮಾಡೋನು ಏನು ಮಾಡ್ತಾನೆ? ಕೀಲಿ ತಿರುಗಿಸಿ ಬಿಡ್ತಾನೆ. ಹಾಗೆ ಬಿಟ್ಟಿದ್ರೆ ಆ ಬುಸ್ ಸದ್ದಿಗೆ ಮನೆಯೆಲ್ಲ ಎದ್ದು ಕೂತಿರ್ತಿತ್ತು. ಯಾರೂ ಕೇಳಿಲ್ಲ. ಅಂದ್ರೆ ಒಂದೇ ಸಲ ಖಾಲಿಯಾಗಿಲ್ಲ, ಸಣ್ಣಗೆ, ದಿನಾ ಒಂದಿಷ್ಟು ಖರ್ಚಾಗಿದೆ. ಇನ್ನು ಮಾಸ್ಕು. ಗಾಳಿ ಪೋಲು ಮಾಡೋಕೆ ಮಾಸ್ಕ್ ಯಾಕೆ ಬೇಕು? ಕವರ್ ಒಡೆದು, ದಾರ ಎಳೆದು, ಮುಖಕ್ಕೆ ಸರಿಯಾಗಿ ಕೂರಿಸಿಕೊಂಡಿದ್ದಾರೆ. ಇದನ್ನ ಯಾರೂ ಚೆಲ್ಲಿಲ್ಲ, ಉಸಿರಾಡಿದ್ದಾರೆ."

"ಈ ಮನೇಲಿ ಆಕ್ಸಿಜನ್ ಯಾರಿಗೆ ಬೇಕಮ್ಮ?" ಎಂದು ಚಿಕ್ಕಪ್ಪ ನಕ್ಕರು. ಬೇರೆ ಯಾರೂ ನಗಲಿಲ್ಲ.

"ಅಳಿಯಂದಿರನ್ನ ಸೋರಿಹೋಯ್ತಾ ಅಂತ ಕೇಳಿದೆ. ಹೌದು ಅಂದುಬಿಟ್ಟಿದ್ರೆ ಅವರ ಮೇಲಿನ ಅಪವಾದ ಅಲ್ಲಿಗೇ ಮುಗೀತಿತ್ತು. ತಪ್ಪು ಮಾಡಿದೋರು ಅಂಥ ದಾರಿ ಬಿಡಲ್ಲ. ಇವರು ಸೋರಿಲ್ಲ ಅಂತ ತಮ್ಮ ಕೈಯಾರೆ ಆ ಬಾಗಿಲು ಮುಚ್ಚಿಕೊಂಡ್ರು."

ಮಗಳು ಮೊದಲ ಸಲ ತಲೆಯೆತ್ತಿ ಗಂಡನನ್ನು ನೋಡಿದಳು.

"ಹಾಗಾದ್ರೆ ಬೂಟು?" ಎಂದರು ಮೇಷ್ಟ್ರು.

ಅತ್ತೆ ಟ್ರೇಸಿಂಗ್ ಹಾಳೆಯನ್ನು ನೆಲದ ಮೇಲೆ ಹಾಸಿದರು. ಬೂಟಿನ ಅಟ್ಟೆಯನ್ನು ಅದರ ಮೇಲಿಟ್ಟರು. ಪೆನ್ಸಿಲಿನ ಗೆರೆಗೂ ಅಟ್ಟೆಯ ಅಂಚಿಗೂ ಎಲ್ಲ ಕಡೆ ಒಂದೇ ಅಂತರವಿತ್ತು. "ಬೂಟು ಬದಲಾಗಿಲ್ಲ ಮೇಷ್ಟ್ರೇ. ನಿಮ್ಮ ನಕ್ಷೆಗೆ ಸರಿಯಾಗಿಯೇ ಇದೆ. ಈಗ ಕಾಲುಚೀಲ ತೆಗೆದು ನೀವೇ ನಿಂತ್ಕೊಳ್ಳಿ."

ಮೇಷ್ಟ್ರು ಕಾಲುಚೀಲ ತೆಗೆದರು. ಅದರ ಎಲಾಸ್ಟಿಕ್ ಕೂತಿದ್ದ ಜಾಗದಲ್ಲಿ ಕಾಲಿನ ಸುತ್ತ ಆಳವಾದ ಗೆರೆ ಬಿದ್ದಿತ್ತು. ಹಾಳೆಯ ಮೇಲೆ ಪಾದ ಇಟ್ಟರು. ಅವರದೇ ಕೈಯ ಆ ಗೆರೆ ಕಾಣಿಸಲೇ ಇಲ್ಲ, ಪಾದ ಎಲ್ಲ ಕಡೆಯೂ ಅದನ್ನು ಮೀರಿ ಹರಡಿತ್ತು. ಅತ್ತೆ ಬಗ್ಗಿ ಹೆಬ್ಬೆರಳಿನಿಂದ ಕಣಕಾಲಿನ ಮೇಲೆ ಒತ್ತಿದರು. ಗುಳಿ ಬಿತ್ತು, ತುಂಬಿಕೊಳ್ಳಲಿಲ್ಲ.

"ನಕ್ಷೆ ಸರಿಯಾಗಿದೆ," ಎಂದರು ಅತ್ತೆ. "ನೆಲ ಬದಲಾಗಿದೆ. ಕಾಲಲ್ಲಿ ನೀರು ತುಂಬಿದೆ. ಅದಕ್ಕೇ ಬೆಳಿಗ್ಗೆ ಕಡಿಮೆ, ಸಂಜೆಗೆ ಜಾಸ್ತಿ. ಅದಕ್ಕೇ ಮಲಗಿದ್ರೆ ಉಸಿರು ಕಟ್ಟುತ್ತೆ, ದಿಂಬು ಇಟ್ಕೊಂಡು ಕುರ್ಚಿಯಲ್ಲಿ ಕೂತ್ಕೋತೀರಿ. ಮೆಟ್ಟಿಲು ಬಿಟ್ಟಿದ್ದೂ ಅದಕ್ಕೇ. ಡಾಕ್ಟ್ರಿಗೆ ಹೇಳಿಟ್ಟಿದ್ದೀನಿ, ಕಾಯ್ತಿದ್ದಾರೆ. ಬೂಟು ಯಾರೋ ಬದಲಾಯಿಸಿದ್ರು ಅಂತ ನೀವು ನಿಜವಾಗ್ಲೂ ನಂಬಿದ್ರಿ, ಯಾಕಂದ್ರೆ ಕಾಯಿಲೆ ಎಷ್ಟು ದೊಡ್ಡದು ಅಂತ ನಿಮಗೇ ಗೊತ್ತಿಲ್ಲ. ಸಿಲಿಂಡರಿನ ವಿಷಯ ಮಾತ್ರ ಗೊತ್ತಿತ್ತು. ಹೌದಾ?"

ಮೇಷ್ಟ್ರು ಕುರ್ಚಿಗೆ ಕುಸಿದರು.

"ವಯಸ್ಸಾಯ್ತಲ್ಲ, ಎದೆಯಲ್ಲಿ ಗಾಳಿ ಸೇರ್ಕೊಂಡಿದೆ ಅಂದ್ಕೊಂಡೆ," ಎಂದರು. "ಅದನ್ನ ಹಾಕ್ಕೊಂಡ್ರೆ ಒಂದಿಷ್ಟು ಕಣ್ಣು ಮುಚ್ತಿತ್ತು. ಹೊರಡೋಕೆ ಮುಂಚೆ ಗುಟ್ಟಾಗಿ ತುಂಬಿಸಿಕೊಳ್ಳೋಣ ಅಂತಿದ್ದೆ. ನಿನ್ನೆ ಹೇಳಿದ್ರೆ ಪ್ರಯಾಣ ನಿಲ್ಲುತ್ತೆ... ಜೀವಮಾನವೆಲ್ಲ ಕಾದಿದ್ದೀನಿ. ಬಾಯಿ ಬರ್ಲಿಲ್ಲ. ಅಳಿಯಂದಿರ ತಲೆ ಮೇಲೆ ಬಿತ್ತು, ನೋಡ್ತಾ ಕೂತೆ. ನಾನೂ ಒಬ್ಬ ಮನುಷ್ಯನಾ!"

ನಮ್ಮತ್ತೆಗೆ ಇಂಥ ಹೊತ್ತಿನಲ್ಲಿ ಬೈಯುವ ಹಕ್ಕಿತ್ತು. ಅವರು ಬೈಯಲಿಲ್ಲ. "ನಮ್ಮೆಜಮಾನ್ರಿಗೂ ಒಂದು ಸಲ ಚಪ್ಪಲಿ ಬಿಗಿಯಾಯ್ತು ಮೇಷ್ಟ್ರೇ," ಎಂದರು ಮೆಲ್ಲಗೆ. "ನಾವು ಹೊಸ ಚಪ್ಪಲಿ ತಂದ್ವಿ. ಅದು ಸವೆಯೋಷ್ಟು ದಿನ ಅವರು ಇರ್ಲಿಲ್ಲ."

ಮದುವೆಯಾಗಿ ಬಂದಾಗಿನಿಂದ ಗೋಡೆಯ ಮೇಲಿನ ಪಟದಲ್ಲಷ್ಟೇ ನಾನು ನೋಡಿದ್ದ ಮಾವನವರ ಸಾವಿನ ಬಗ್ಗೆ ಅತ್ತೆ ಬಾಯಿಬಿಟ್ಟಿದ್ದು ಅದೇ ಮೊದಲು. ನಾನು ಅವರ ಪಕ್ಕಕ್ಕೆ ಸರಿದು ಕೂತೆ.

"ಅಳಿಯಂದಿರೇ," ಎಂದು ಮೇಷ್ಟ್ರು ಕೈ ಜೋಡಿಸಿದರು, "ದೊಡ್ಡ ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊಳ್ಳಿ."

ಅಳಿಯ ಬಾಗಿಲಿನಿಂದ ಬಂದ. ತನ್ನ ಕಾಲಿನ ದೊಡ್ಡ ಚಪ್ಪಲಿಗಳನ್ನು ಕಳಚಿ, ಮಂಡಿಯೂರಿ ಮಾವನ ಊದಿದ ಪಾದಗಳಿಗೆ ಒಂದೊಂದಾಗಿ ಹಾಕಿದ. "ಮಾತು ಆಮೇಲೆ ಆಡೋಣ ಮಾವ. ಡಾಕ್ಟ್ರು ಕಾಯ್ತಿದ್ದಾರಂತಲ್ಲ, ಏಳಿ. ನನ್ನ ಹೆಗಲು ಹಿಡ್ಕೊಳ್ಳಿ," ಎಂದ. ಬರಿಗಾಲಲ್ಲೇ ಅವರನ್ನು ನಡೆಸಿಕೊಂಡು ಹೋದ.

ಹೃದಯ ಸೋತಿದೆ, ಆ ಎತ್ತರಕ್ಕೆ ಹೋಗಿದ್ದರೆ ವಾಪಸ್ ಬರುತ್ತಿದ್ದುದು ಅನುಮಾನ, ಈಗ ಔಷಧಿಯಲ್ಲಿ ಹಿಡಿತಕ್ಕೆ ತರಬಹುದು ಎಂದರು ಡಾಕ್ಟರು. ಪ್ರಯಾಣ ರದ್ದಾಯಿತು. ಚಿಕ್ಕಪ್ಪ ಅಣ್ಣನ ಮುಂದೆ ಬಹಳ ಬೇಸರಪಟ್ಟುಕೊಂಡು, ನಮ್ಮ ಮನೆಗೆ ಬಂದು ಅತ್ತೆಗೆ ಒಂದು ಡಬ್ಬಿ ಬಿಸ್ಕತ್ತು ಕೊಟ್ಟು ಹೋದರು.

ಕೆಲವು ವಾರಗಳ ಮೇಲೆ ಮೇಷ್ಟ್ರ ಮಗಳು ಬಂದಳು. ಅಪ್ಪ ಈಗ ಹಾಸಿಗೆಯಲ್ಲೇ ಕಾಲು ಚಾಚಿ ಮಲಗುತ್ತಾರೆ ಎಂದಳು. ಶಿಖರದ ನೆನಪು ಬಂದಾಗ ಒಂದಷ್ಟು ಹೊತ್ತು ಮುಖ ಸಪ್ಪಗೆ ಮಾಡಿಕೊಳ್ಳುತ್ತಾರಂತೆ. ಅತ್ತೆಯ ಎರಡೂ ಕೈ ಹಿಡಿದುಕೊಂಡು, "ನಿಮ್ಮ ಋಣ ಯಾವತ್ತೂ ತೀರಲ್ಲ," ಎಂದಳು. ಆಮೇಲೂ ಹೋಗದೆ ಕೂತೇ ಇದ್ದಳು.

"ಇನ್ನೇನೋ ಇದೆ," ಎಂದರು ಅತ್ತೆ.

"ಆವತ್ತು ನಿಮ್ಮ ಬಾಗಿಲಲ್ಲಿ ನಿಂತು ನಾನು ಕೇಳಿದ್ದನ್ನ ಅವರಿಗೆ ಹೇಳಿಬಿಟ್ಟೆ. ಮುಚ್ಚಿಟ್ಕೊಂಡು ಬದುಕೋಕೆ ಆಗ್ಲಿಲ್ಲ."

"ಏನಂದ್ರು?" ಎಂದೆ.

"'ಅಪ್ಪನ ಜೀವದ ಪ್ರಶ್ನೆ ಬಂದಾಗ ಯಾರನ್ನಾದ್ರೂ ಕೇಳ್ಬೇಕು. ನೀನು ಕೇಳೋಕೆ ಹೋಗಿದ್ದಕ್ಕೇ ಮಾವ ಉಳಿದ್ರು' ಅಂದ್ರು." ಅವಳು ಕಣ್ಣೊರೆಸಿಕೊಂಡಳು. "ಅಷ್ಟು ಹೇಳಿ ಅಪ್ಪನಿಗೆ ಮಾತ್ರೆ ಕೊಡೋಕೆ ಎದ್ದು ಹೋದ್ರು."