ಅಟ್ಟದ ಜಾಡಿಯ ಉಪ್ಪು

"ಏನು ಬೇಕಾದ್ರೂ ಕಟ್ಟು ಸುಚೇತಾ, ಅಟ್ಟದ ಮೇಲಿನ ಜಾಡಿ ಒಂದನ್ನ ಮಾತ್ರ ಮುಟ್ಟಬೇಡ. ಅದನ್ನ ನಾನೇ ತೊಡೆ ಮೇಲಿಟ್ಕೊಂಡು ಬರ್ತೀನಿ," ಎಂದರು ಅಂಬುಜಮ್ಮ.

"ಅದರಲ್ಲೇನಿದೆ ಅತ್ತೆ? ಮಾವನೋರು ಬಚ್ಚಿಟ್ಟ ಚಿನ್ನವಾ?"

"ಉಪ್ಪು." ಅಂಬುಜಮ್ಮ ನಗಲಿಲ್ಲ. "ಕೆಟ್ಟ ಉಪ್ಪು. ಅದಕ್ಕೆ ನೀರು ಸೋಕಬಾರದು, ಯಾರ ನಾಲಿಗೆಗೂ ಬೀಳಬಾರದು. ಇಷ್ಟು ತಿಳ್ಕೊಂಡ್ರೆ ಸಾಕು."

ಸುಚೇತಾ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪಾಠ ಹೇಳುವವಳು. ಉಪ್ಪು ಕೆಡುತ್ತದೆ ಎಂದರೆ ಅವಳಿಗೆ ನಗು ಬರದೆ ಇನ್ನೇನು ಬಂದೀತು? ಮೈಸೂರಿನಲ್ಲಿ ಹುಟ್ಟಿ ಬೆಳೆದು, ಮದುವೆಯಾದ ಮೇಲೂ ಅಲ್ಲೇ ಇದ್ದು, ಗಂಡ ರಘೂತ್ತಮನ ಜೊತೆ ನಂಜನಗೂಡಿನ ಈ ಮನೆಗೆ ಬಂದು ಒಂದೇ ವರ್ಷ. ಆ ವರ್ಷದಲ್ಲಿ ಅತ್ತೆಯ ಮಡಿ, ಮೈಲಿಗೆ, ದೃಷ್ಟಿ, ತಾಯತಗಳನ್ನು ಕಂಡು ಅವಳ ತಾಳ್ಮೆ ಮುಗಿದಿತ್ತು. ಈಗ ರಘೂತ್ತಮನಿಗೆ ತಿ. ನರಸೀಪುರಕ್ಕೆ ವರ್ಗವಾಗಿದೆ. ಹೊಸ ಮನೆಗೆ ಈ ಹಳೆಯ ಗೊಡ್ಡು ನಂಬಿಕೆಗಳೂ ಗಾಡಿಯೇರಿ ಬರುತ್ತವಲ್ಲ ಎಂಬುದೇ ಅವಳ ಚಿಂತೆ.

ಬೆಳಿಗ್ಗೆ ಒಂಬತ್ತಕ್ಕೆ ಲಾರಿ ಹೊರಟಿತು. ರಘೂತ್ತಮನೂ ಅದರಲ್ಲೇ ಹೋದ. ಮನೆಯಲ್ಲಿ ಉಳಿದದ್ದು ಸುಚೇತಾ, ಆರು ವರ್ಷದ ಮಗಳು ವಿಭಾ, ಕಾಫಿ ಕುಡಿದು ದೇವರ ವಿಗ್ರಹಗಳನ್ನು ಮಡಿವಸ್ತ್ರದಲ್ಲಿ ಸುತ್ತುತ್ತ ಕುಳಿತ ಅಂಬುಜಮ್ಮ. ಹಸಿವು ಎಂದು ವಿಭಾ ರಾಗ ತೆಗೆದಳು. ಒಂದು ಬಾಣಲೆ, ಒಂದು ಸ್ಟೌ, ಒಂದಿಷ್ಟು ರವೆಯನ್ನು ಸುಚೇತಾ ಹೊರಗಿಟ್ಟುಕೊಂಡಿದ್ದಳು. ರವೆ ಹುರಿದು ನೀರು ಕುದಿಯುವ ಹೊತ್ತಿಗೆ ನೆನಪಾಯಿತು, ಉಪ್ಪಿನ ಡಬ್ಬಿ ಹದಿನಾಲ್ಕನೆಯ ಪೆಟ್ಟಿಗೆಯಲ್ಲಿ ಲಾರಿಯೇರಿ ಹೋಗಿದೆ.

ಬೀದಿಯ ತುದಿಯಲ್ಲೇ ಅಂಗಡಿಯಿತ್ತು. ಆದರೂ ಅವಳು ಹೋಗಲಿಲ್ಲ. ಹಟ ಅನ್ನುವುದು ದೊಡ್ಡ ದೊಡ್ಡ ಓದು ಓದಿದವರನ್ನೂ ಬಿಟ್ಟಿಲ್ಲ.

ಅಟ್ಟಕ್ಕೆ ಏಣಿ ಹಾಕಿ ಹತ್ತಿದಳು. ಇಲಿ ಹಿಕ್ಕೆಯ, ಹಳೆಯ ಗೋಣಿಯ ವಾಸನೆ. ಮೂಲೆಯಲ್ಲಿ ಕತ್ತಲು ಎಷ್ಟು ದಟ್ಟವಾಗಿತ್ತೆಂದರೆ ಜಾಡಿಯನ್ನು ಕೈಯಲ್ಲೇ ತಡಕಿ ಹುಡುಕಬೇಕಾಯಿತು. ಬಾಯಿಗೆ ಕೆಂಪು ಬಟ್ಟೆ, ಅದರ ಮೇಲೆ ಮೂರು ಸುತ್ತು ದಾರ. ಬಿಚ್ಚಿದೊಡನೆ ಒಳಗಿನಿಂದ ಬಿಸಿ ಗಾಳಿಯೊಂದು ಮುಖಕ್ಕೆ ಹೊಡೆಯಿತು. ಜ್ವರ ಬಂದ ಮಗುವಿನ ಬಾಯಿಯ ವಾಸನೆ ಅದಕ್ಕಿತ್ತು. ಸುಚೇತಾ ಒಂದು ಕ್ಷಣ ಹಿಂಜರಿದಳು. ಆಮೇಲೆ ಒಂದು ಹಿಡಿ ಕಲ್ಲುಪ್ಪು ತೆಗೆದು, ಬಟ್ಟೆಯನ್ನು ಇದ್ದ ಹಾಗೆಯೇ ಕಟ್ಟಿ ಇಳಿದುಬಂದಳು.

ವಿಭಾ ಎರಡು ತಟ್ಟೆ ಉಪ್ಪಿಟ್ಟು ತಿಂದಳು. ಸುಚೇತಾಳಿಗೆ ತಿನ್ನಲು ಪುರುಸೊತ್ತಾಗಲಿಲ್ಲ. ಅಂಬುಜಮ್ಮ ಪೂಜೆ ಮುಗಿಯದೆ ತಿನ್ನುವವರಲ್ಲ.

ಕಾರು ನಡೆಸಲು ಸುಚೇತಾ ಕುಳಿತಳು, ಪಕ್ಕದಲ್ಲಿ ವಿಭಾ. ಅಂಬುಜಮ್ಮ ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕುಳಿತರು. ದಾರದ ಮೇಲೆ ಬೆರಳಾಡಿಸಿದರು. ಬೆರಳು ನಿಂತಿತು.

"ಇದನ್ನ ಬಿಚ್ಚಿದ್ಯೇನೇ?"

ಹೌದು ಅತ್ತೆ, ಒಂದು ಹಿಡಿ ತೆಗೆದೆ ಎಂದು ಹೇಳಿಬಿಟ್ಟಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತೋ ಏನೋ. ಆದರೆ ಮುದುಕಿಯ ಮುಂದೆ ಸಣ್ಣವಳಾಗಲು ಅವಳಿಗೆ ಮನಸ್ಸಾಗಲಿಲ್ಲ.

"ಇಲ್ಲ ಅತ್ತೆ. ನಾನ್ಯಾಕೆ ಬಿಚ್ಚಲಿ?" ಎಂದಳು.

ದೊಡ್ಡ ಬೀದಿ ದಾಟುವುದರೊಳಗೆ ವಿಭಾ ಒಂದು ಬಾಟಲಿ ನೀರು ಕುಡಿದು ಮುಗಿಸಿದಳು. ಬೈಪಾಸಿನ ಹತ್ತಿರ ಇನ್ನೊಂದು. "ಅಮ್ಮಾ, ಬಾಯಾರಿಕೆ." ಮೂರನೆಯದನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಕೂಡ ಬಿಡದೆ ಕುಡಿದಳು. ತುಟಿ ಒಡೆದು ರಕ್ತ ಜಿನುಗುತ್ತಿತ್ತು. ಹೊಟ್ಟೆ ಉಬ್ಬಿತ್ತು. ಕಣ್ಣೀರು ಮಾತ್ರ ಒಂದು ಹನಿಯೂ ಇರಲಿಲ್ಲ.

ಎದುರಿಗೆ ಕಪಿಲೆಯ ಸೇತುವೆ ಬಂತು. ಮಗು ಹೊಳೆಯನ್ನು ನೋಡಿತು. ಬಾಗಿಲಿಗೆ ಕೈ ಹಾಕಿತು. ಕಾರು ಓಡುತ್ತಿತ್ತು. ಬಾಗಿಲು ತೆರೆದುಕೊಂಡಿತು. ಸುಚೇತಾ ಬ್ರೇಕ್ ಒತ್ತಿದಳು. ಕೈ ಚಾಚಿ ಹಿಡಿದಳು. ಫ್ರಾಕು ಕೈಗೆ ಸಿಕ್ಕಿತು. ಮಗು ತಿರುಗಿ ಅವಳ ಮೊಣಕೈಯನ್ನು ಕಚ್ಚಿತು. ಕಚ್ಚಿದ ಜಾಗದ ರಕ್ತವನ್ನು ನೆಕ್ಕಿತು.

"ಉಪ್ಪಿಟ್ಟಿಗೆ ಹಾಕಿದೆ," ಎಂದು ಸುಚೇತಾ ಚೀರಿದಳು. "ಆ ಉಪ್ಪನ್ನೇ ಹಾಕಿದೆ ಅತ್ತೆ! ಏನದು? ಏನಿತ್ತು ಅದರಲ್ಲಿ?"

ಅಂಬುಜಮ್ಮನ ಮುಖ ಬಿಳಿಚಿತು. "ಹದಿನಾರು ಅನ್ನೋ ಊರಿಗೆ ಬಿಡು," ಎಂದರು. "ಬೇಗ ಬಿಡು."

ಮೊಮ್ಮಗಳನ್ನು ಹಿಂದಿನ ಸೀಟಿಗೆ ಎಳೆದು ಬಿಗಿಯಾಗಿ ತಬ್ಬಿಕೊಂಡು, ಇಪ್ಪತ್ತಾರು ವರ್ಷ ಯಾರಿಗೂ ಹೇಳದ್ದನ್ನು ಅವರು ದಾರಿಯಲ್ಲಿ ಹೇಳಿದರು. ಒಂದು ಬೇಸಿಗೆಯ ಮಧ್ಯಾಹ್ನ ಆ ಊರಿನ ಚಿಕ್ಕಮಾದಮ್ಮ ಅನ್ನುವವಳು ಜ್ವರದ ಮಗುವನ್ನು ಹೊತ್ತು ಆಸ್ಪತ್ರೆಯಿಂದ ಬಸ್ಸಿಗೆ ಹೊರಟಿದ್ದಳು. ಇವರ ಜಗಲಿಯ ಕೆಳಗೆ ನಿಂತು ಮಗುವಿಗೆ ಒಂದು ಗುಟುಕು ನೀರು ಕೇಳಿದಳು. "ನಾನು ಮಡೀಲಿದ್ದೆ ಕಣೇ. ಕೆಲಸದೋಳು ಬಂದು ಹುಯ್ತಾಳೆ, ಅಲ್ಲೇ ಕೂತಿರು ಅಂದೆ. ಕೆಲಸದೋಳು ಬರೋದು ಅರ್ಧ ಗಂಟೆ ತಡ ಆಯ್ತು." ಅಷ್ಟರಲ್ಲಿ ಮಗು ಹೋಗಿತ್ತು. ಮೂರನೆಯ ದಿನ ಚಿಕ್ಕಮಾದಮ್ಮ ಮಗುವಿನ ಹೆಣಕ್ಕೆ ನಿವಾಳಿಸಿ ಇಳಿತೆಗೆದ ಉಪ್ಪನ್ನು ತಂದು ಹೊಸಿಲ ಮೇಲೆ ಸುರಿದಳು. ಇದನ್ನು ತಿಂದವರಿಗೆ ನಿಮ್ಮ ನೀರು ಸಾಲದೆ ಹೋಗಲಿ ಎಂದಳು. ಅಂಬುಜಮ್ಮನ ಗಂಡ ಶ್ರೀನಿವಾಸರು ನಕ್ಕು ಒಂದು ಹರಳು ಬಾಯಿಗೆ ಹಾಕಿಕೊಂಡರು. ಎಂಟನೆಯ ದಿನ ಸ್ನಾನಘಟ್ಟದ ಮೆಟ್ಟಿಲ ಮೇಲೆ, ಹೊಳೆಯೊಳಗೆ ಮುಖ ಇಟ್ಟುಕೊಂಡೇ ಸತ್ತುಬಿದ್ದಿದ್ದರು.

"ಕೊಳ್ಳೇಗಾಲದ ಮಂತ್ರವಾದಿ ಹೇಳಿದ್ದ, ಇದನ್ನ ಮಣ್ಣಿಗೂ ಹಾಕಬೇಡಿ, ಹೊಳೆಗೂ ಹಾಕಬೇಡಿ, ಅವಳ ಮನೆ ಬಾಗಿಲಿಗೆ ಹೋಗಿ ನೀರು ಬೇಡಿ ಕುಡೀರಿ, ಅಲ್ಲಿಗೆ ತೀರುತ್ತೆ ಅಂತ."

"ಹೋಗಲಿಲ್ವಾ ನೀವು?"

ಅಂಬುಜಮ್ಮ ಮಗುವಿನ ತುಟಿಯನ್ನು ಸೆರಗಿನಿಂದ ಒರೆಸಿದರು. ಅರ್ಧ ಗಂಟೆಯ ದಾರಿಯನ್ನು ಅವರು ಇಪ್ಪತ್ತಾರು ವರ್ಷವಾದರೂ ತುಳಿದಿರಲಿಲ್ಲ.

ಹದಿನಾರಿನಲ್ಲಿ ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಮನೆ ತೋರಿಸಿದರು. ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದ ನಲವತ್ತರ ಹೆಂಗಸು ಎದ್ದು ನಿಂತಳು. ಚಿಕ್ಕಮಾದಮ್ಮನ ಮಗಳು ಕೆಂಪಾಜಮ್ಮ ಅವಳು. ಅಂಬುಜಮ್ಮನ ಬಾಯಿಂದ ನಂಜನಗೂಡು ಎಂಬ ಮಾತು ಹೊರಡುವುದರೊಳಗೆ ಅವಳಿಗೆ ಎಲ್ಲವೂ ತಿಳಿದುಹೋಯಿತು.

"ಅವ್ವ ಸತ್ತು ಅನ್ನೊಂದು ವರ್ಸ ಆಯ್ತು," ಎಂದಳು. "ಸಾಯೋಗಂಟ ದಿನಾ ಜಗಲಿ ಮೇಲೆ ಒಂದು ಚೊಂಬು ನೀರು ಮಡಗ್ತಿದ್ಲು. ಅವ್ರು ಬಂದೇ ಬತ್ತರೆ, ಬಂದ್ರೆ ಇಲ್ಲ ಅನ್ನಬ್ಯಾಡ ಕಣಮ್ಮಿ ಅಂತಿದ್ಲು. ನೀವೇ ಬರ್ನಿಲ್ಲ."

ಒಳಗೆ ಹೋಗಿ ಚೊಂಬು ತಂದಳು. ವಿಭಾಳ ಬಾಯಿಗೆ ತಾನೇ ಹಿಡಿದಳು. ಮಗು ಒಂದು ಗುಟುಕು ಕುಡಿಯಿತು. ಇನ್ನೊಂದು. ಆಮೇಲೆ ಮುಖ ತಿರುಗಿಸಿ, ಸಾಕು ಎಂದು, ಸುಚೇತಾಳ ಹೆಗಲಿಗೆ ಒರಗಿ ನಿದ್ದೆಹೋಯಿತು. ಕಣ್ಣಂಚಿನಲ್ಲಿ ನೀರು ಕಾಣಿಸಿತು. ಸುಚೇತಾ ಬಿಕ್ಕಿ ಬಿಕ್ಕಿ ಅತ್ತಳು.

"ನೀವೂ ಕುಡೀರವ್ವ," ಎಂದು ಕೆಂಪಾಜಮ್ಮ ಅದೇ ಚೊಂಬನ್ನು ಅಂಬುಜಮ್ಮನತ್ತ ಚಾಚಿದಳು. "ಅವತ್ತು ಇಲ್ಲ ಅಂದೋರು ಕುಡೀಬೇಕು. ಇಲ್ದಿದ್ರೆ ದಾಹ ಓಗಾಕಿಲ್ಲ. ಮಗೀನ ಬುಟ್ಟು ನಿಮ್ನ ಇಡ್ಕತದೆ."

ಅಂಬುಜಮ್ಮ ಕೈ ಚಾಚಿದರು. ಚೊಂಬಿನ ಅಂಚನ್ನು ನೋಡಿದರು. ಚಾಚಿದ ಕೈ ಹಿಂದೆ ಹೋಯಿತು.

"ಇವತ್ತು ಏಕಾದಶಿ ಕಣಮ್ಮ," ಎಂದರು ಮೆಲ್ಲಗೆ. "ನಾನು ನೀರು ಮುಟ್ಟಲ್ಲ."

ಅಂದು ನವಮಿ. ಬೆಳಿಗ್ಗೆ ಅವರಿಗೆ ಕಾಫಿ ಬೆರೆಸಿ ಕೊಟ್ಟವಳೇ ಸುಚೇತಾ. ಕೆಂಪಾಜಮ್ಮ ಸುಚೇತಾಳ ಮುಖ ನೋಡಿದಳು. ಹೌದೇನವ್ವ ಎಂದು ಕೇಳುವ ನೋಟ ಅದು. ಸುಚೇತಾ ಬಾಯಿ ತೆರೆಯಲಿಲ್ಲ. ಹೆಗಲ ಮೇಲೆ ಮಗು ತಣ್ಣಗೆ ಉಸಿರಾಡುತ್ತಿತ್ತು. ಯಾರನ್ನಾದರೂ ಹಿಡಿಯಲಿ, ಇವಳನ್ನು ಬಿಟ್ಟಿತಲ್ಲ ಎಂದುಕೊಂಡಳು. ಹಾಗೆ ಅಂದುಕೊಂಡದ್ದು ಅವಳಿಗೇ ಕೇಳಿಸಿತು, ನಾಚಿಕೆಯಾಯಿತು. ಆದರೂ ಬಾಯಿ ತೆರೆಯಲಿಲ್ಲ.

ಕೆಂಪಾಜಮ್ಮ ಚೊಂಬಿನ ನೀರನ್ನು ಅಂಗಳದ ತುಂಬೆ ಗಿಡಕ್ಕೆ ಸುರಿದು ಒಳಗೆ ಹೋದಳು.

ನರಸೀಪುರದ ಹೊಸ ಮನೆಯ ಬಾಗಿಲಲ್ಲೇ ಅಂಬುಜಮ್ಮ ನೀರು ಕೇಳಿದರು. ಒಂದು ಚೊಂಬು, ಎರಡು, ಐದು. ರಘೂತ್ತಮ ಸಿಲಿಂಡರ್ ತರಲು ಹೋಗಿದ್ದ. ಸುಚೇತಾ ಅಡುಗೆಮನೆಯಲ್ಲಿ ಪೆಟ್ಟಿಗೆ ಬಿಚ್ಚುತ್ತಿದ್ದಳು. ಹಿತ್ತಿಲಲ್ಲಿ ಸಂಪಿನ ಕಬ್ಬಿಣದ ಮುಚ್ಚಳ ಕರಕರ ಸರಿಯಿತು. "ಸುಚೇತಾ, ನೀರು," ಎಂಬ ಕೂಗು ಬಂತು. ಎದ್ದಳು. ನಿಂತಳು. ಹೋಗಿ ತಡೆದರೆ? ತಡೆದರೆ ಅದು ಮತ್ತೆ ಎಲ್ಲಿಗೆ ಬರುತ್ತದೆ? ಕೋಣೆಯಲ್ಲಿ ಮಗು ಮಲಗಿತ್ತು. ಅವಳು ಮತ್ತೆ ಕುಳಿತಳು. ಪೇಪರಿನಲ್ಲಿ ಸುತ್ತಿದ್ದ ಲೋಟ ಒಂದನ್ನು ತೆಗೆದಳು. ಇನ್ನೊಂದು. ಇನ್ನೊಂದು. ಹೊರಗೆ ಗಟಗಟ ಸದ್ದು. ದೊಡ್ಡ ದನ ಕುಡಿಯುವಂಥ ಸದ್ದು. ಆರನೆಯ ಲೋಟಕ್ಕೆ ಅದು ನಿಂತಿತು.

"ಕಾಲು ಜಾರಿ ಸಂಪಿಗೆ ಬಿದ್ರು," ಎಂದಳು ಗಂಡನಿಗೆ. ನೆರೆಯವರಿಗೂ ಅದನ್ನೇ ಹೇಳಿದಳು.

ಸಂಜೆಗೆ ಮುಂಚೆ ದೇಹವನ್ನು ಹೊಸ ಮನೆಯ ನಡುಮನೆಯಲ್ಲಿ ಮಲಗಿಸಿದರು. ರಘೂತ್ತಮ ಅಳುತ್ತ ಉದ್ಧರಣೆಯಲ್ಲಿ ತುಳಸಿ ನೀರು ತೆಗೆದು ತಾಯಿಯ ಬಾಯಿಗೆ ಬಿಟ್ಟ. ಸತ್ತವರ ಬಾಯಿಗೆ ಬಿಟ್ಟ ನೀರು ಕಟಬಾಯಿಂದ ಇಳಿದುಹೋಗುತ್ತದೆ. ಇದು ಇಳಿಯಲಿಲ್ಲ. ಇನ್ನೊಂದು ಬಿಟ್ಟ. ಅದೂ ಒಳಗೆ ಹೋಯಿತು. ಗಂಟಲು ಅಲುಗಿದ್ದನ್ನು ಸುಚೇತಾ ಕಂಡಳು. ಬೇರೆ ಯಾರೂ ಕಂಡಂತೆ ತೋರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ವಿಭಾ ಅಪ್ಪನ ಹತ್ತಿರ ಬಂದಳು.

"ಅಜ್ಜಿ ಆಗ್ಲೂ ನೀರು ಬೇಕು ಅಂತ ಕೂಗ್ತಿದ್ರು ಅಪ್ಪಾ," ಎಂದಳು. "ನಂಗೆ ಎಚ್ಚರ ಆಗಿ ಬಾಗಿಲಿಂದ ನೋಡ್ದೆ. ಅಮ್ಮ ಎದ್ದು ನಿಂತ್ಕೊಂಡ್ಳು. ಆಮೇಲೆ ಕೂತ್ಕೊಂಡ್ಳು. ಯಾಕಮ್ಮಾ ಹೋಗ್ಲಿಲ್ಲ ನೀನು?"

ರಘೂತ್ತಮ ಉದ್ಧರಣೆಯನ್ನು ಕೆಳಗಿಟ್ಟು ಹೆಂಡತಿಯ ಮುಖ ನೋಡಿದ.